ಮಾಲ್ಗುಡಿಯಲ್ಲಿ ನನ್ನ ಎಡಭುಜ

ಜನಮನದಲ್ಲಿ ನೆಲೆನಿಂತ ಧಾರಾವಾಹಿಯೊಂದರಲ್ಲಿ ಪಾತ್ರವಹಿಸಿದ ನಟರಿಗೆ, ಅಂದು ಕೈಗೆ ಬಂದ ಸಂಭಾವನೆ ಎಷ್ಟೇ ಅಲ್ಪವಾಗಿದ್ದರೂ, ಕಾಲಾಂತರದಲ್ಲಿ ಅದಕ್ಕಿಂತ ಬೆಲೆಯುಳ್ಳ ಮತ್ತೊಂದು ಸ್ವತ್ತು ಪ್ರಾಪ್ತವಾಗುತ್ತದೆ. ಯಾರಾದರೊಬ್ಬರು ಎದುರಿಗೆ ಕುಳಿತು ‘ಆಗ ಹೇಗಿತ್ತು, ಸಾರ್?’ ಎಂದು ಕೇಳಿದಾಗಲೆಲ್ಲ ಕಾಫಿಯ ಲೋಟವನ್ನು ಬದಿಗಿಟ್ಟು, ಕಣ್ಣನ್ನು ಅರೆಮುಚ್ಚಿ, ನೆನಪು ಹೇಳುವ ಹಕ್ಕೇ ಆ ಸ್ವತ್ತು. ‘ಮಾಲ್ಗುಡಿ ಡೇಸ್’ ನಟರಷ್ಟು ಈ ಹಕ್ಕನ್ನು ಧಾರಾಳವಾಗಿ ಚಲಾಯಿಸಿದವರು ವಿರಳ. ಅದನ್ನು ನನ್ನಷ್ಟು ಶ್ರದ್ಧೆಯಿಂದ ಕೇಳಿದವರಂತೂ ಇನ್ನೂ ವಿರಳ. ಅವರ ಯಾವ ಸಂದರ್ಶನವನ್ನೂ ನಾನು ತಪ್ಪಿಸಿಕೊಂಡವನಲ್ಲ. ಆದರೆ ಕೇಳುವಾಗ ಸುಮ್ಮನಿರಲಾರೆನು. ‘ಅಹುದು, ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ’ ಎಂದು ನಡುನಡುವೆ ದನಿಗೂಡಿಸುತ್ತೇನೆ. ‘ನಾವು’ ಎಂಬುದು ಕಿವಿಗೆ ಬಿದ್ದೊಡನೆ ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋಗುವುದು ಈಗ ಮನೆಯ ವಾಡಿಕೆಯಾಗಿದೆ. ನಾನೂ ಆ ಧಾರಾವಾಹಿಯಲ್ಲಿ ಅಭಿನಯಿಸಿದವನು. ಈ ಸಂಗತಿಯನ್ನು ಈವರೆಗೆ ನಾನೊಬ್ಬನೇ ಹೇಳುತ್ತ ಬಂದಿದ್ದೇನೆ.

ನಟರ ನೆನಪುಗಳೆಲ್ಲ ಮಳೆಯಿಂದ ಆರಂಭವಾಗುತ್ತವೆ. ಆರ್. ಕೆ. ನಾರಾಯಣರ ಕಲ್ಪನೆಯ ಊರನ್ನು ನೆಲಕ್ಕಿಳಿಸಲು ಹೊರಟ ಶಂಕರ್ ನಾಗ್ ಅವರು, ಬಿಸಿಲಿಗೆ ಬರವಿಲ್ಲದ ಊರುಗಳು ನಾಡಿನಲ್ಲಿ ಎಷ್ಟೋ ಇರುವಾಗ, ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ಆಗುಂಬೆಯನ್ನೇ ಆಯ್ದುಕೊಂಡುದರಿಂದ ಇದು ಸಹಜವೇ ಸರಿ. ಅಂದು ಹಿಡಿದ ಆ ಮಳೆ ಇನ್ನೂ ಬಿಟ್ಟಿಲ್ಲ. ಒಂದೊಂದು ಸಂದರ್ಶನಕ್ಕೂ ಎರಡೆರಡು ಅಂಗುಲ ಏರುತ್ತಲೇ ಇದೆ. ಮಳೆಯ ಹಿಂದೆಯೇ ಇಂಬಳಗಳು ಬರುತ್ತವೆ. ಇಂಬಳಗಳ ಹಿಂದೆ ಕಥೆಯ ಹುಡುಗ ಸ್ವಾಮಿಯ ಮನೆಯಾಗಿದ್ದ ದೊಡ್ಡಮನೆಯ ಜಗಲಿಯೂ ಅಲ್ಲಿಯ ಊಟವೂ ಬರುತ್ತವೆ. ಕಟ್ಟಕಡೆಗೆ ‘ನಾವೆಲ್ಲ ಒಂದೇ ಕುಟುಂಬದವರ ಹಾಗಿದ್ದೆವು’ ಎಂಬ ವಾಕ್ಯ ಬಂದು ಮಂಗಳ ಹಾಡುತ್ತದೆ. ಅಡಕೆ ತೋಟದ ನೀರಿನ ಪಾಲಿಗಾಗಿ ಒಡಹುಟ್ಟಿದವರು ಕೋರ್ಟಿನ ಮೆಟ್ಟಿಲು ಹತ್ತುವುದನ್ನು ಕಂಡಿರುವ ನನಗೆ, ಇವರು ಯಾವ ಕುಟುಂಬವನ್ನು ಮನಸ್ಸಿನಲ್ಲಿರಿಸಿಕೊಂಡು ಹೀಗೆ ಹೇಳುತ್ತಾರೆಂಬುದು ತಿಳಿಯದು. ತಿಂಗಳುಗಟ್ಟಲೆ ಒಣಗದ ಬಟ್ಟೆಗಳನ್ನು ಒಂದೇ ಹಗ್ಗದ ಮೇಲೆ ಹರವಿಕೊಂಡು ಬಾಳಿದವರಲ್ಲಿ ಆ ಹಗ್ಗದ ದೆಸೆಯಿಂದ ಒಂದಾದರೂ ಜಗಳ ಹುಟ್ಟಿರಲೇಬೇಕು. ಅದನ್ನು ಯಾರೂ ಬಾಯಿ ಬಿಡುವುದಿಲ್ಲ. ನನಗೆ ಬೇಕಾದುದು ಆ ಜಗಳವೇ.

ಉಳಿದುದನ್ನು ಓದುಗರು ಬಲ್ಲರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡರು, ತಾಯಿಯಾಗಿ ವೈಶಾಲಿ ಕಾಸರವಳ್ಳಿಯವರು, ಸಂಗೀತ ಎಲ್. ವೈದ್ಯನಾಥನ್ ಅವರದು, ರೇಖಾಚಿತ್ರಗಳು ನಾರಾಯಣರ ಸೋದರ ಲಕ್ಷ್ಮಣರವು. ಕಲಾನಿರ್ದೇಶಕರಾದ ಜಾನ್ ದೇವರಾಜ್ ಅವರು ಆಗುಂಬೆಗೆ ವೇಷ ಹಾಕಿಸಿ ಅದನ್ನು ಮಾಲ್ಗುಡಿಯಾಗಿಸಿದರು. ಸರ್ ಫ್ರೆಡರಿಕ್ ಲಾಲಿಯೆಂಬ, ಎಂದೂ ಹುಟ್ಟದಿದ್ದ ದೊರೆಗೆ ಪ್ರತಿಮೆಯನ್ನೂ ಕಡೆದರು. ಕಥೆ ಇಂಗ್ಲಿಷಿನದು, ಊರು ಕನ್ನಡದ್ದು, ದೂರದರ್ಶನದಲ್ಲಿ ಕೇಳಿದ ಮಾತು ಹಿಂದಿಯದು. ಸರ್ಕಾರಗಳಿಗೆ ಈವರೆಗೂ ಸಾಧ್ಯವಾಗದ ತ್ರಿಭಾಷಾ ಸೂತ್ರವು ಯಾರ ಪ್ರತಿಭಟನೆಯೂ ಇಲ್ಲದೆ ಆ ಮಲೆನಾಡಿನ ಬೀದಿಯಲ್ಲಿ ಜಾರಿಗೆ ಬಂದಿತ್ತು.

ಇನ್ನು ನನ್ನ ಪಾತ್ರ. ಆ ಕಾಲದಲ್ಲಿ ನಾನು ತೀರ್ಥಹಳ್ಳಿಯ ಕಡೆ ಉಪಾಧ್ಯಾಯನಾಗಿದ್ದೆನು. ಸೂರ್ಯಾಸ್ತವನ್ನು ನೋಡುವ ಸಂಕಲ್ಪದಿಂದ ಆಗುಂಬೆಗೆ ಹೋಗಿ, ಸೂರ್ಯನೇ ಹುಟ್ಟದ ದಿನದಲ್ಲಿ ಅವನ ಅಸ್ತವನ್ನರಸುತ್ತ ಬೀದಿಯಲ್ಲಿ ನಿಂತಿದ್ದಾಗ, ಚಿತ್ರೀಕರಣದವರಲ್ಲಿ ಒಬ್ಬ ತರುಣ ನನ್ನನ್ನು ಎವೆಯಿಕ್ಕದೆ ನೋಡತೊಡಗಿದನು. ನನ್ನ ಮುಖಲಕ್ಷಣಕ್ಕೆ ಮಾರುಹೋದನೆಂದು ನಾನು ಭಾವಿಸಿ ತುಸು ಪಾರ್ಶ್ವಕ್ಕೆ ತಿರುಗಿ, ಮೂಗು ಸ್ಪಷ್ಟವಾಗಿ ಕಾಣುವಂತೆ ನಿಂತೆನು. ಅವನಿಗೆ ಬೇಕಾಗಿದ್ದುದು ಮರದ ಹಿಡಿಯ ನನ್ನ ಹಳೆಯ ಕೊಡೆ. ಕೊಡೆಯನ್ನು ಬಿಟ್ಟುಕೊಡಲು ನಾನೊಪ್ಪದಿದ್ದುದರಿಂದ ಅದರ ಜೊತೆಗೆ ನನ್ನನ್ನೂ ತೆಗೆದುಕೊಳ್ಳುವುದು ಅನಿವಾರ್ಯವಾಯಿತು.

“ಇಲ್ಲಿಂದ ಆ ಅಂಗಡಿ ತನಕ ಸುಮ್ಮನೆ ನಡ್ಕೊಂಡು ಹೋಗಿ ಸಾರ್. ತಿರುಗಿ ಕ್ಯಾಮೆರಾ ನೋಡ್ಬೇಡಿ” ಎಂದನು.

ಸುಮ್ಮನೆ ನಡೆಯಬೇಕಂತೆ! ನಾಲ್ಕು ಅಕ್ಷರ ಬಲ್ಲವನಿಗೆ ಇದಕ್ಕಿಂತ ದುಸ್ಸಾಧ್ಯವಾದ ಆಜ್ಞೆ ಮತ್ತೊಂದಿಲ್ಲ. ಮಾಲ್ಗುಡಿಯ ಪ್ರಜೆಯೊಬ್ಬನು ನಿಷ್ಕಾರಣವಾಗಿ ನಡೆಯುವನೇ? ಅವನಾರು, ಎಲ್ಲಿಂದ ಬಂದನು, ಅವನ ಮನಸ್ಸಿನಲ್ಲೇನಿದೆ ಎಂಬುದನ್ನರಿಯದೆ ಹೆಜ್ಜೆಯೆತ್ತುವುದು ಕಲೆಗೆ ದ್ರೋಹವಲ್ಲವೇ? ದೀಪದವರು ದೀಪ ಸರಿಪಡಿಸುತ್ತಿದ್ದ ಅಲ್ಪಾವಧಿಯಲ್ಲಿ ನಾನು ಅವನ ಜೀವನಚರಿತ್ರೆಯನ್ನು ಸಿದ್ಧಪಡಿಸಿದೆನು. ಅವನು ಪುರಸಭೆಯ ಗುಮಾಸ್ತ. ಬಡ್ತಿ ಕೈತಪ್ಪಿದೆ. ತಂಗಿಯ ಮದುವೆಯ ಸಾಲ ತೀರಿಲ್ಲ. ಬದನೆಕಾಯಿ ತರಬೇಕೆಂದು ಹೆಂಡತಿ ಹೇಳಿ ಕಳುಹಿಸಿದ್ದಾಳೆ; ಅವನಿಗೆ ಬದನೆಕಾಯಿ ಒಗ್ಗದು; ಅದು ಅವಳಿಗೆ ತಿಳಿದೂ ಇದೆ. ಈ ಕಡೆಯ ವಿವರ ಹೊಳೆದಾಗ ನನಗೇ ಗಂಟಲು ಬಿಗಿದು ಬಂದಿತು. ಆದರೆ ಮುಖ ಕಾಣುವ ಸಂಭವವಿಲ್ಲವಾದುದರಿಂದ, ಆ ಬಡ್ತಿ, ಆ ಸಾಲ, ಆ ದಾಂಪತ್ಯ, ಆ ಬದನೆಕಾಯಿ ಇವೆಲ್ಲವನ್ನೂ ಬೆನ್ನಿನಿಂದಲೇ ಪ್ರಕಟಪಡಿಸಬೇಕಾಗಿತ್ತು. ಕಣ್ಣು, ಹುಬ್ಬು, ಕತ್ತುಗಳಿಗೆಲ್ಲ ಬಗೆಬಗೆಯ ಚಲನೆಗಳನ್ನು ವಿಧಿಸಿದ ಭರತಮುನಿಯು ಬೆನ್ನಿನ ವಿಷಯದಲ್ಲಿ ನನ್ನ ನೆರವಿಗೆ ಬರಲಿಲ್ಲ. ಎಡಭುಜವನ್ನು ಕಿಂಚಿತ್ ಕುಗ್ಗಿಸಿದರೆ ಕರುಣವೂ, ಕೊಡೆಯನ್ನು ಬಲಕ್ಕೆ ವಾಲಿಸಿದರೆ ನಿರ್ವೇದವೂ ಉತ್ಪನ್ನವಾಗಬಹುದೆಂದು ನಾನೇ ನಿರ್ಧರಿಸಿ, ಅಡಿಗಡಿಗೆ ನಿಂತು ನಿಂತು, ಹೊರಟೆನು.

“ಸಾರ್, ಕಾಲಿಗೆ ಏನಾದ್ರೂ ಪೆಟ್ಟಾಗಿದ್ಯಾ?” ಎಂದು ಹಿಂದಿನಿಂದ ಕೂಗಿದರು.

ಮತ್ತೆ ನಡೆಯಿಸಿದರು. ಶೋಕವನ್ನು ಅರ್ಧಕ್ಕೆ ಇಳಿಸಿ ನಡೆದೆನು; ಆಗ ವೇಗ ಅತಿಯಾಯಿತೆಂದರು. ಬದನೆಕಾಯಿಯನ್ನೊಂದೇ ಉಳಿಸಿಕೊಂಡು ಮಿಕ್ಕುದನ್ನೆಲ್ಲ ತ್ಯಜಿಸಿ ಮತ್ತೊಮ್ಮೆ ನಡೆಯುತ್ತಿದ್ದಾಗ, ಅಂಗಡಿಯ ಜಗಲಿಯ ಕೆಳಗಿನಿಂದ ಕೋಳಿಯೊಂದು ಹೊರಬಂದು, ಬೀದಿಯ ನಟ್ಟನಡುವೆ ನಿಂತು, ಕತ್ತನ್ನು ಓರೆಮಾಡಿ ಕ್ಯಾಮೆರಾವನ್ನು ನೆಟ್ಟ ದೃಷ್ಟಿಯಿಂದ ನೋಡಿ, ಒಂದು ಕಾಲನ್ನೆತ್ತಿ ಕ್ಷಣಕಾಲ ಚಿಂತಿಸಿ, ಬಂದ ದಾರಿಯಲ್ಲಿಯೇ ಹಿಂದಿರುಗಿತು. ಕ್ಯಾಮೆರಾವನ್ನು ನೋಡಬಾರದೆಂಬ ನಿಷೇಧ ಅದಕ್ಕಿರಲಿಲ್ಲ. ಅದಕ್ಕೆ ಪೂರ್ವಚರಿತ್ರೆಯೂ ಇರಲಿಲ್ಲ. ಸುಮ್ಮನೆ ಬಂದು ಸುಮ್ಮನೆ ಹೋಯಿತು. “ಓಕೆ!” ಎಂಬ ಉದ್ಗಾರ ಕೇಳಿಸಿತು, ಆ ಶ್ಲಾಘನೆ ನನಗೇ ಸಂದುದೆಂದು ನಾನು ಬಹುಕಾಲ ನಂಬಿದ್ದೆನು.

ಪ್ರಸಾರದ ರಾತ್ರಿ ನೆರೆಯವರ ಮನೆಯಲ್ಲಿ ಬಂಧುಬಳಗವೆಲ್ಲ ನೆರೆದಿತ್ತು. ದೃಶ್ಯ ಬಂದಿತು, ಪರದೆಯ ಅಂಚಿನಲ್ಲಿ ಕಾಲುಪಾಲು ಕೊಡೆಯೂ ಕುಗ್ಗಿದ ಒಂದು ಎಡಭುಜವೂ ಮಿಂಚಿ ಮಾಯವಾದವು, ನಡುವೆ ಕೋಳಿ ಸರ್ವಾಂಗಸುಂದರವಾಗಿ ನಿಂತಿತ್ತು. “ಎಷ್ಟು ಲಕ್ಷಣವಾಗಿದೆ ಮಾರಾಯ್ರೆ!” ಎಂದು ಯಾರೋ ಮೆಚ್ಚಿದರು.

“ನೀನು ಯಾವಾಗ ಬರೋದು ಮಗಾ?” ಎಂದು, ಕಿವಿ ತುಸು ಮಂದವಾಗಿದ್ದ ಅಜ್ಜಿ ಕೇಳಿದಳು.

“ಬಂದು ಹೋದೆ ಅಜ್ಜಿ.”

“ಬಂದವನು ಕಾಫಿಯಾದ್ರೂ ಕುಡ್ಕೊಂಡು ಹೋಗ್ಬಾರ್ದಾಗಿತ್ತಾ?”

ಈಗ ಬೇಕಾದ ಕಡೆ ಚಿತ್ರವನ್ನು ನಿಲ್ಲಿಸಿ ನೋಡುವ ಸೌಕರ್ಯ ಬಂದಿದೆ. ಮೊಮ್ಮಗನನ್ನು ಕೂರಿಸಿಕೊಂಡು, ಸರಿಯಾದ ಕ್ಷಣದಲ್ಲಿ ನಿಲ್ಲಿಸಿ, ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆನು. “ತಾತ, ಅದು ಕಂಬ ಅಲ್ವಾ?” ಎಂದನು. ಇಂದಿನ ಮಕ್ಕಳಿಗೆ ಅಭಿನಯದ ಸೂಕ್ಷ್ಮಗಳು ತಿಳಿಯುವುದಿಲ್ಲ.

ನನ್ನನ್ನು ಯಾರೂ ಸಂದರ್ಶಿಸಲಿಲ್ಲವೆಂಬ ಕೊರಗಿದ್ದರೂ, ಸಂದರ್ಶನಕ್ಕೆ ಗುರಿಯಾದವರ ಪಾಡನ್ನು ಕಂಡಾಗ ಅದು ಸ್ವಲ್ಪ ಶಮನವಾಗುತ್ತದೆ. ಮಂಜುನಾಥ್ ಅವರನ್ನೇ ನೋಡಿ. ಹರೆಯದಲ್ಲಿಯೇ ಬಣ್ಣವನ್ನು ತೊಳೆದು, ಓದಿ, ಬೇರೆ ಉದ್ಯೋಗ ಹಿಡಿದು, ಗೃಹಸ್ಥರಾಗಿ ಬಾಳುತ್ತಿರುವ ಅವರನ್ನು ಕರೆದು ಕೂರಿಸಿ, ನಡುವಯಸ್ಸಿನ ಆ ಮುಖದಲ್ಲಿ ಹತ್ತು ವರ್ಷದ ಹುಡುಗನನ್ನು ಹುಡುಕಿ, ಸಿಗಲಿಲ್ಲವೆಂದು ಅವರ ಮೇಲೆಯೇ ಮುಖ ಸಿಂಡರಿಸುವ ಜನರಿದ್ದಾರೆ. ಹುಡುಗ ಬೆಳೆದುದು ಅಪರಾಧವೆಂಬಂತೆ! ಹೀಗೆ ಪ್ರಶ್ನಿಸುವ ಮಹನೀಯರಿಗೇನು ಆ ಕಾಲದ ಚಡ್ಡಿ ಇಂದಿಗೂ ಹಿಡಿಸುತ್ತದೆಯೇ? ಅವರಾದರೋ ಪ್ರತಿಬಾರಿಯೂ ಸಾವಧಾನದಿಂದ, ನಗುನಗುತ್ತ, ಅದೇ ಉತ್ತರವನ್ನು ಕೊಡುತ್ತಾರೆ. ನಾನಾಗಿದ್ದರೆ ಕೊಡೆಯನ್ನು ಎತ್ತಿಬಿಡುತ್ತಿದ್ದೆನು.

ಮಳೆ, ಇಂಬಳ, ಊಟಗಳೆಲ್ಲ ಮುಗಿದ ಮೇಲೆ, ಯಾರೇ ಹೇಳಲಿ, ಮಾತು ಒಂದೆಡೆಗೆ ಬಂದು ತಡವರಿಸುತ್ತದೆ. 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕಾಗಿ ಕಾರ್ನಾಡರು ನಿರ್ದೇಶಿಸಿದ ತರುಣ ಶಂಕರ್ ನಾಗ್, ಒಂದು ದಶಕ ತುಂಬುವ ಮೊದಲೇ ಆ ಕಾರ್ನಾಡರನ್ನು ಸ್ವಾಮಿಯ ತಂದೆಯನ್ನಾಗಿ ಮಾಡಿ ತಾನೇ ನಿರ್ದೇಶಿಸಿದನು. ಅನಂತರ ಮೂರ್ನಾಲ್ಕು ವರ್ಷಗಳಲ್ಲಿ, 1990ರ ಸೆಪ್ಟೆಂಬರ್ 30ರಂದು, ದಾವಣಗೆರೆಯ ಹತ್ತಿರದ ಆನಗೋಡಿನಲ್ಲಿ ಅಪಘಾತಕ್ಕೆ ಸಿಲುಕಿ ತೀರಿಕೊಂಡನು. ಮೂವತ್ತಾರು ತುಂಬಿರಲಿಲ್ಲ. ವೈಶಾಲಿಯವರು 2010ರಲ್ಲಿ, ಕಾರ್ನಾಡರು 2019ರಲ್ಲಿ ಹೋದರು. ಅಣ್ಣನನ್ನು ಕುರಿತು ತಮ್ಮನು ಬರೆಯುವುದು ಲೋಕರೂಢಿ. ಇಲ್ಲಿ ಅನಂತನಾಗ್ ಅವರು ತಮ್ಮನನ್ನು ಕುರಿತು ಪುಸ್ತಕ ಬರೆಯಬೇಕಾಯಿತು. ಕಾಫಿಯ ಲೋಟವನ್ನು ಬದಿಗಿಟ್ಟು ನೆನಪು ಹೇಳಲು ಎಲ್ಲರಿಗಿಂತ ಅಧಿಕಾರವುಳ್ಳವನು ಅದಕ್ಕೆ ಬೇಕಾದ ವಯಸ್ಸನ್ನೇ ಮುಟ್ಟಲಿಲ್ಲ. ಅವನ ಪಾಲಿನದನ್ನೂ ಉಳಿದವರು ಹಂಚಿಕೊಂಡು ಹೇಳುತ್ತಿದ್ದಾರೆ. ಅವರ ಮಳೆ ಎರಡಂಗುಲ ಹೆಚ್ಚು ಸುರಿದರೆ ಸುರಿಯಲಿ. ಈ ಒಂದು ವಿಷಯದಲ್ಲಿ ನಾನು ಅಳತೆಗೋಲು ಹಿಡಿಯಲಾರೆನು.

ಧಾರಾವಾಹಿಯಲ್ಲಿ ಮಾಲ್ಗುಡಿಯ ನಿಲ್ದಾಣವಾಗಿ ಕಾಣಿಸಿಕೊಂಡ ಶಿವಮೊಗ್ಗ ಜಿಲ್ಲೆಯ ಅರಸಾಳುವಿನಲ್ಲಿ, ರೈಲ್ವೆಯವರು ಹಳೆಯ ಕಟ್ಟಡವನ್ನು ದುರಸ್ತಿಗೊಳಿಸಿ ‘ಮಾಲ್ಗುಡಿ ಮ್ಯೂಸಿಯಂ’ ಎಂದು ಹೆಸರಿಟ್ಟಿದ್ದಾರೆ. ನನ್ನ ಕೊಡೆ ಇನ್ನೂ ಸುಸ್ಥಿತಿಯಲ್ಲಿದೆ. ಎರಡು ಕಡ್ಡಿ ಮುರಿದಿದೆ, ಹಿಡಿ ಭದ್ರವಾಗಿದೆ. ಅದನ್ನು ಉಚಿತವಾಗಿ ಒಪ್ಪಿಸಲು ನಾನು ಸಿದ್ಧನಿದ್ದೇನೆ. ಕೆಳಗೊಂದು ಚೀಟಿ ಅಂಟಿಸಿ ನನ್ನ ಹೆಸರನ್ನು ಬರೆಯಬೇಕೆಂಬುದೊಂದೇ ಷರತ್ತು. ಕೋಳಿಯ ವಿಚಾರವನ್ನು ಅದರಲ್ಲಿ ಎತ್ತಬಾರದು. ಆ ಕಡೆಗೆ ಹೋಗುವ ಓದುಗರಾರಾದರೂ ಇದನ್ನು ಸಂಬಂಧಪಟ್ಟವರ ಕಿವಿಗೆ ಹಾಕಿದರೆ ಉಪಕಾರವಾದೀತು. ಸಾಗಣೆಯ ಖರ್ಚು ನನ್ನದು.