ಬುತ್ತಿಮೀಮಾಂಸೆ

ಈ ಪ್ರಬಂಧದ ಹೆಸರನ್ನು ಕಂಡೊಡನೆಯೇ ವ್ಯಾಕರಣಜ್ಞರಾದ ವಾಚಕರು ಹುಬ್ಬು ಗಂಟಿಕ್ಕುವರೆಂಬುದನ್ನು ನಾನು ಅರಿಯದವನಲ್ಲ. ಕನ್ನಡದ ಬುತ್ತಿಯನ್ನು ಸಂಸ್ಕೃತದ ಮೀಮಾಂಸೆಯೊಡನೆ ಗಂಟು ಹಾಕಿದರೆ ಅದು ಅರಿಸಮಾಸವೆಂಬ ದೋಷಕ್ಕೆ ಗುರಿಯಾಗುವುದೆಂದು ಕೇಶಿರಾಜನ ಕಾಲದಿಂದಲೂ ನಮ್ಮ ವೈಯಾಕರಣರು ಎಚ್ಚರಿಸುತ್ತ ಬಂದಿದ್ದಾರೆ. ಬುತ್ತಿಯು ಭುಕ್ತಿಯ ತದ್ಭವವೇ ಆದುದರಿಂದ ದೋಷವೇನೂ ಇಲ್ಲವೆಂದು ವಾದಿಸುವವರೂ ಉಂಟು. ಆ ವ್ಯಾಜ್ಯವನ್ನು ಅವರವರಿಗೇ ಬಿಟ್ಟಿದ್ದೇನೆ. ದಾರಿಯ ಊಟಕ್ಕೆ ‘ಪಾಥೇಯ’ವೆಂಬ ನಿರ್ದುಷ್ಟವಾದ ಶಬ್ದವಿರುವಾಗ ಅದನ್ನೇಕೆ ಬಳಸಲಿಲ್ಲವೆಂದು ಕೇಳಿದರೆ, ಬಳಸಿ ನೋಡಿದ ಮೇಲೆಯೇ ಬಿಟ್ಟೆನೆಂಬುದು ನನ್ನ ಉತ್ತರ. ಒಂದು ಭಾನುವಾರ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, “ಪಾಥೇಯವು ಸಿದ್ಧವಾಯಿತೆ?” ಎಂದು ನಾನು ವಿಚಾರಿಸಲಾಗಿ, ನನ್ನ ಧರ್ಮಪತ್ನಿಯು ತಿರುಗಿಯೂ ನೋಡದೆ, “ಯಾವ ಪಾತ್ರೆ? ಎಲ್ಲಾ ತೊಳೆದು ಬೋರಲು ಹಾಕಿದೀನಿ, ನೋಡ್ಕೊಳ್ಳಿ” ಎಂದಳು.

ಶಾಸ್ತ್ರವನ್ನು ಬರೆಯುವವನಿಗೆ ಅಧಿಕಾರವಿರತಕ್ಕದ್ದು. ನಾನು ವೃತ್ತಿಯಿಂದ ಲೆಕ್ಕಪರಿಶೋಧಕನು, ವಾಸದಿಂದ ಅಂಜನಾಪುರದವನು. ಕಳೆದ ಹದಿನಾರು ವರ್ಷಗಳಿಂದ ತಿಂಗಳಿಗೆರಡು ಬಾರಿಯಂತೆ ಪರಸ್ಥಳಗಳಿಗೆ ಹೋಗಿ, ಪರರ ಲೆಕ್ಕದಲ್ಲಿ ತಪ್ಪನ್ನು ಹುಡುಕಿ, ಅವರು ತರಿಸಿಕೊಟ್ಟ ಟೀಯನ್ನೇ ನಿರ್ಲಜ್ಜನಾಗಿ ಕುಡಿದು, ನನ್ನ ಡಬ್ಬಿಯನ್ನು ನಾನೇ ತೊಳೆದುಕೊಂಡು ಹಿಂದಿರುಗತಕ್ಕವನು. ಈ ದೀರ್ಘ ಸಂಚಾರದಲ್ಲಿ ನನ್ನನ್ನು ಬಾಧಿಸಿದ ಸಂಶಯವು ಇಷ್ಟೆ: ಬುತ್ತಿಯೆಂದರೆ ಕಟ್ಟಿದ್ದೋ, ಹೊತ್ತದ್ದೋ, ಅಥವಾ ತಿಂದದ್ದೋ? ಮೂರೂ ಒಂದೇ ಎಂಬ ಅದ್ವೈತವನ್ನು ಡಬ್ಬಿಯನ್ನು ಎಂದೂ ಹೊರದವರು ಮಾತ್ರ ಪ್ರತಿಪಾದಿಸಬಲ್ಲರು.

ಪೂರ್ವಸೂರಿಗಳಿಂದ ನೆರವೇನಾದರೂ ದೊರೆಯುವುದೇ ಎಂದು ನೋಡೋಣ. 1025ರ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ನೆಲದಡಿಯ ನೀರನ್ನು ಗುರುತಿಸುವ ಬಗೆಯಿಂದ ಹಿಡಿದು ಅಡಿಗೆಯವರೆಗೆ ಲೋಕಕ್ಕೆ ಉಪಕಾರವಾಗುವ ಸಮಸ್ತವನ್ನೂ ಹೇಳಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. 1508ರ ಸುಮಾರಿನ ಮೂರನೆಯ ಮಂಗರಸನಂತೂ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದು ಬದನೆಕಾಯಿಗೂ ಛಂದಸ್ಸಿನ ಮರ್ಯಾದೆಯನ್ನು ಸಲ್ಲಿಸಿದನು. ಆದರೆ ಈ ಮಹನೀಯರಲ್ಲಿ ಯಾರೊಬ್ಬರೂ ಲಾಡ್ಜಿನ ಕೊಠಡಿಯಲ್ಲಿ, ಫೋನಿಗೂ ಕೆಟಲ್ಲಿಗೂ ಇರುವ ಒಂದೇ ಒಂದು ಪ್ಲಗ್ಗಿನ ಮುಂದೆ, ಯಾವುದನ್ನು ಮೊದಲು ಸಿಕ್ಕಿಸಲೆಂದು ನಿಂತವರಲ್ಲ. ಅರಸನಾದವನ ಹಿಂದೆ ಪಾಕಶಾಲೆಯೇ ಪ್ರಯಾಣ ಮಾಡುತ್ತಿತ್ತು. ನನ್ನ ಹಿಂದೆ ಬರತಕ್ಕದ್ದು ಭತ್ಯದ ಬಿಲ್ಲು ಮಾತ್ರ. ಇತಿಹಾಸಪುರಾಣಗಳನ್ನು ಶೋಧಿಸಿದರೆ, ಉದ್ಯೋಗನಿಮಿತ್ತವಾಗಿ ಪರವೂರಿನಲ್ಲಿದ್ದು ಸ್ವಹಸ್ತದಿಂದ ಅಡಿಗೆ ಮಾಡಿದವರಲ್ಲಿ ವಿರಾಟನಗರಿಯ ವಲಲನೇ, ಅರ್ಥಾತ್ ಭೀಮಸೇನನೇ, ಅಗ್ರಗಣ್ಯನೆಂದು ತೋರುತ್ತದೆ; ಆದರೆ ಆತನ ಕೈಯಲ್ಲಿ ಉಗ್ರಾಣದ ಬೀಗದಕೈ ಇತ್ತೆಂಬುದನ್ನು ಮರೆಯಲಾಗದು.

ಅರ್ವಾಚೀನರ ಸಾಧನೆಯನ್ನು ಅಲಕ್ಷಿಸುವುದೂ ಸಲ್ಲದು. 1924ರಲ್ಲಿ ಪ್ರಾರಂಭವಾದ ಮಾವಳ್ಳಿ ಟಿಫನ್ ರೂಮ್ಸ್‌ನವರು ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಿಂದ ಇಡ್ಲಿಯನ್ನು ಸೃಷ್ಟಿಸಿ, ತುರ್ತುಪರಿಸ್ಥಿತಿಯಲ್ಲಿ ತಿಂಡಿಯ ದರಕ್ಕೆ ಅಂಕುಶ ಬಿದ್ದಾಗ ತಿಂಡಿಗೆ ಬದಲಾಗಿ ತಿಂಡಿಯ ಪುಡಿಗಳನ್ನೇ ಪೊಟ್ಟಣ ಕಟ್ಟಿ ಮಾರಿ, ಪ್ರವಾಸಿಗಳಿಗೆ ಒಂದು ಹೊಸ ಹಾದಿಯನ್ನು ತೋರಿದರು. ಮೈಸೂರಿನಲ್ಲಿ 1961ರಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಹಿಮದ ಗಡಿಯಲ್ಲಿರುವ ಯೋಧನಿಗಾಗಿ ತಿಂಗಳುಗಟ್ಟಲೆ ಕೆಡದ ಚಪಾತಿಯನ್ನು ಸಾಧಿಸಿದರು. ಈ ಸಂಗತಿಯನ್ನು ನಾನು ಮನೆಯಲ್ಲಿ ಅತ್ಯುತ್ಸಾಹದಿಂದ ನಿವೇದಿಸಿದಾಗ ಬಂದ ಪ್ರತಿಕ್ರಿಯೆಯು ವಿದ್ವಜ್ಜನರ ಪರಾಮರ್ಶೆಗೆ ಯೋಗ್ಯವಾಗಿದೆ: “ತಿಂಗಳಾದ ಮೇಲೆ ತಿನ್ನೋದಕ್ಕೆ ನೀವೇನು ಕಾರ್ಗಿಲ್ಲಿಗೆ ಹೋಗ್ತಿದೀರಾ? ಬಿಜಾಪುರಕ್ಕೆ ತಾನೇ?”

ಇನ್ನು ಸ್ಥಳಮಹಿಮೆ. ಅಂಜನಾಪುರವು ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಕನಕಪುರ ರಸ್ತೆಗೆ ಪೂರ್ವಕ್ಕೆ, ಒಂದು ಕೆರೆಯನ್ನೂ ಬಿಡಿಎ ಕೊಟ್ಟ ನಿವೇಶನಗಳನ್ನೂ ಉಳ್ಳ ಬಡಾವಣೆ. ಇದಕ್ಕೆ ಸ್ಥಳಪುರಾಣವಿದ್ದಂತೆ ಕಾಣದುದರಿಂದ ನಾನೇ ಒಂದನ್ನು ಕಲ್ಪಿಸಿಕೊಂಡಿದ್ದೇನೆ. ಅಂಜನೆಯ ಮಗನನ್ನು ಒಂದು ಮೂಲಿಕೆಗಾಗಿ ಕಳುಹಿಸಿದರೆ ಆತನು ಬೆಟ್ಟವನ್ನೇ ಹೊತ್ತು ತಂದನಷ್ಟೆ; ಆ ಹೆಸರಿನ ಪ್ರಭಾವದಿಂದಲೋ ಏನೋ, ನಮ್ಮಲ್ಲಿ ‘ಎರಡು ಚಪಾತಿ ಸಾಕು’ ಎಂದು ಅಂಗಲಾಚಿದವನ ಚೀಲದೊಳಗೆ ಹನ್ನೆರಡು ಬಂದು ಬೀಳುವುವು, ಅವುಗಳ ಮೇಲೆ ಪುಳಿಯೋಗರೆ, ಅದರ ಮೇಲೆ ಮೊಸರನ್ನ, ಸಂದಿಯಲ್ಲಿ ಚಟ್ನಿಪುಡಿ, ಆ ಸಂದಿಯ ಸಂದಿಯಲ್ಲಿ ನಾಲ್ಕು ಕೋಡುಬಳೆ. ಈ ಸಂಜೀವಿನೀ ಪರ್ವತವನ್ನು ಬೆನ್ನಿಗೇರಿಸಿಕೊಂಡು ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತಬೇಕು. 2021ರ ಜನವರಿಯಲ್ಲಿ ಹಸಿರು ಮಾರ್ಗವು ಯಲಚೇನಹಳ್ಳಿಯಿಂದ ಮುಂದಕ್ಕೆ ಐದು ನಿಲ್ದಾಣಗಳಷ್ಟು ಬೆಳೆಯಿತು. ಕಡೆಯ ನಿಲ್ದಾಣಕ್ಕೆ ನಕ್ಷೆಯಲ್ಲಿ ನಮ್ಮೂರಿನ ಹೆಸರಿದ್ದುದು ಬಾಗಿಲು ತೆರೆಯುವಷ್ಟರಲ್ಲಿ ರೇಷ್ಮೆ ಸಂಸ್ಥೆಯೆಂದಾಗಿ, ನಮ್ಮ ಪಾಲಿಗೆ ಹೆಸರು ಹೋಗಿ ರೈಲು ಮಾತ್ರ ಉಳಿಯಿತು. ಅಲ್ಲಿ ಚೀಲವನ್ನು ಪರೀಕ್ಷಿಸುವ ಯಂತ್ರದ ಪರದೆಯ ಮೇಲೆ ನನ್ನ ಉಕ್ಕಿನ ಡಬ್ಬಿಗಳು ಎರಡು ಕಪ್ಪು ಚಕ್ರಗಳಾಗಿ ಉದಯಿಸುವುವು.

“ಸರ್, ಮೇಲಿಂದೇನು?”

“ಮೊಸರನ್ನ.”

“ಕೆಳಗಿಂದು?”

“ಪುಳಿಯೋಗರೆ.”

“ಹೋಗಿ ಸರ್. ರೈಲೊಳಗೆ ಮಾತ್ರ ತೆಗೀಬೇಡಿ.”

ಮೊಸರನ್ನದ ಹೆಸರು ಬಂದುದರಿಂದ ಅದರ ಕಾಲತತ್ತ್ವವನ್ನು ಇಲ್ಲಿಯೇ ವಿವರಿಸುವುದು ಉಚಿತ, ಏಕೆಂದರೆ ಭಕ್ಷ್ಯಭೋಜ್ಯಗಳಲ್ಲಿ ಇದೊಂದೇ ಕಟ್ಟಿದಾಗ ಒಂದು, ತಿನ್ನುವಾಗ ಇನ್ನೊಂದು. ಪುಳಿಯೋಗರೆಯು ಸ್ಥಿತಪ್ರಜ್ಞನಂತಹುದು, ಅನ್ನವನ್ನು ಹರಡಿ ಸಂಪೂರ್ಣವಾಗಿ ಆರಿಸಿ, ಹುಣಿಸೆಯ ಹುಳಿಯನ್ನೂ ಎಳ್ಳೆಣ್ಣೆಯನ್ನೂ ಧಾರಾಳವಾಗಿ ಹಿಡಿಸಿದರೆ ಮರುದಿನಕ್ಕೂ ಅದರ ಮನಸ್ಸು ಕದಡದು. ಮೊಸರನ್ನವಾದರೋ ಡಬ್ಬಿಯೊಳಗೆ ಕುಳಿತುಕೊಂಡೇ ತಪಸ್ಸು ಮಾಡುತ್ತಿರುತ್ತದೆ. ಬಿಸಿಯನ್ನವನ್ನು ಸೌಟಿನ ಹಿಂಬದಿಯಿಂದ ನುರಿದು, ಕಾಯಿಸಿ ಆರಿಸಿದ ಹಾಲನ್ನು ಅನ್ನವು ಮುಳುಗುವಷ್ಟು ಸುರಿದು, ಅದಕ್ಕೆ ಒಂದೇ ಒಂದು ಚಮಚ ಮೊಸರನ್ನು ಸಾಕ್ಷಿಗೆಂಬಂತೆ ಸೇರಿಸಿ, ಹಸಿಶುಂಠಿಯನ್ನು ಸಣ್ಣಗೆ ಹೆಚ್ಚಿ ಹಾಕಿ, ಸಾಸಿವೆ ಒಗ್ಗರಣೆ ಕೊಟ್ಟು ಮುಚ್ಚಳ ಹಾಕಿದರೆ, ಅದು ಆ ಕ್ಷಣದಲ್ಲಿ ಹಾಲನ್ನ. ತಿನ್ನುವ ಕ್ಷಣದಲ್ಲಿ ಮೊಸರನ್ನ. ನಡುವೆ ಎಷ್ಟು ಗಂಟೆ, ಯಾವ ಊರಿನ ಸೆಖೆ, ಎಂಬ ಗಣಿತದ ಮೇಲೆ ಆ ಚಮಚದ ಗಾತ್ರವು ನಿರ್ಧಾರವಾಗತಕ್ಕದ್ದು. ಆದುದರಿಂದಲೇ ನನ್ನ ಮಡದಿಯು ಚಮಚವನ್ನು ಕೈಯಲ್ಲಿ ಹಿಡಿದು ಪಂಚಾಂಗದ ಜೋಯಿಸರಂತೆ, “ನಾಳೆ ಎಷ್ಟು ಹೊತ್ತಿಗೆ ತಿಂತೀರಿ?” ಎಂದು ಕೇಳುವುದು. “ಒಂದಕ್ಕೆ” ಎಂದು ನಾನು ಹೇಳುವುದು. ಒಂದು ಚೈತ್ರಮಾಸದಲ್ಲಿ, ಒಂದು ಗಂಟೆಗೆ ಮುಗಿಯಬೇಕಾಗಿದ್ದ ಸಭೆಯನ್ನು ಒಬ್ಬ ಮಹಾಶಯರು ಹಳೆಯ ವೋಚರು ಕಟ್ಟನ್ನು ಹುಡುಕುತ್ತೇನೆಂದು ಎದ್ದು ಹೋಗಿ ಮೂರೂವರೆಗೆ ಎಳೆದರು. ಡಬ್ಬಿಯನ್ನು ತೆರೆದಾಗ ಮುಚ್ಚಳವು ‘ಉಸ್ಸ್’ ಎಂದು ನಿಟ್ಟುಸಿರು ಬಿಟ್ಟಿತು. ಆ ಹುಳಿಗೆ ನನ್ನ ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಂಡು ಎದುರಿಗಿದ್ದ ಗುಮಾಸ್ತನಿಗೆ ತಪ್ಪುಕಲ್ಪನೆಯುಂಟಾಯಿತು. ಆ ವರ್ಷ ಅವರ ಲೆಕ್ಕದ ಮೇಲೆ ನಾನು ಬರೆದ ಆಕ್ಷೇಪಣೆಗಳ ಸಂಖ್ಯೆಗೂ ಈ ಘಟನೆಗೂ ಯಾವ ಸಂಬಂಧವೂ ಇಲ್ಲ.

ವಿಮಾನಯಾನದ ಬುತ್ತಿಯನ್ನು ಕುರಿತು ಹೇಳತಕ್ಕದ್ದು ಸ್ವಲ್ಪ. ಲೋಕದ ಅಪಾಯಕರ ಸರಕುಗಳಿಗೆಲ್ಲ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಒಂದೊಂದು ಸಂಖ್ಯೆಯಿದ್ದು, ಅದರಲ್ಲಿ 1363ನೆಯದು ಸಾಕ್ಷಾತ್ ಒಣಕೊಬ್ಬರಿ. ತನ್ನೊಳಗಿನ ಎಣ್ಣೆಯ ದೆಸೆಯಿಂದ ತಾನೇ ಕಾದು ತಾನೇ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗಕ್ಕೆ ಅದನ್ನು ಸೇರಿಸಿದ್ದಾರೆ. ಇದನ್ನು ಕೇಳಿ ನನ್ನ ತಾಯಿಯವರು, “ಅಯ್ಯೋ, ಐವತ್ತು ವರ್ಷದಿಂದ ಅಕ್ಕಿಡಬ್ಬದ ಪಕ್ಕದಲ್ಲೇ ಇಟ್ಟಿದೀನಲ್ಲೋ, ನಮಗೆ ಗೊತ್ತೇ ಇರಲಿಲ್ಲ” ಎಂದು ಗಾಬರಿಗೊಂಡು, ಕೊಬ್ಬರಿ ಗಿಟಕುಗಳನ್ನು ಗ್ಯಾಸ್ ಒಲೆಯಿಂದ ದೂರಕ್ಕೆ ಸ್ಥಳಾಂತರಿಸಿದರು. ದೆಹಲಿಗೆ ಹೋಗುವಾಗ ಶೇಂಗಾ ಹಾಕಿದ ಪುಡಿಯೇ ಗತಿಯಾಯಿತು.

ಇನ್ನು ಕೊಠಡಿಯ ಪಾಕಪ್ರಕರಣ. ಇಲ್ಲಿ ಎರಡು ದರ್ಶನಗಳು ಪ್ರಸಿದ್ಧವಾಗಿವೆ: ಕೆಟಲ್ ದರ್ಶನ ಮತ್ತು ಕುಕ್ಕರ್ ದರ್ಶನ. ಕೆಟಲ್ಲು ವೈರಾಗ್ಯಪ್ರಧಾನವಾದುದು. ನೀರು ಕುದಿದೊಡನೆ ಆವಿಯು ಒಳದಾರಿಯಿಂದ ಇಳಿದು, ಎರಡು ಲೋಹಗಳನ್ನು ಬೆಸೆದ ಒಂದು ತೆಳುಪಟ್ಟಿಯನ್ನು ಬಿಸಿಮಾಡಿ ಬಾಗಿಸಲು, ‘ಟಕ್’ ಎಂದು ಅದು ಸಂಸಾರದಿಂದ ನಿವೃತ್ತವಾಗುತ್ತದೆ. ಕುಕ್ಕರು ನಿಷ್ಠಾಪ್ರಧಾನವಾದುದು. ಪಾತ್ರೆಯಲ್ಲಿ ನೀರಿರುವ ತನಕ ಶಾಖವು ಕುದಿಬಿಂದುವನ್ನು ಮೀರದು. ನೀರು ಬತ್ತಿ ತಳವು 103 ಡಿಗ್ರಿಯ ಆಸುಪಾಸಿಗೆ ಏರಿದಾಗ ಕೆಳಗಿನ ಅಯಸ್ಕಾಂತವು ತನ್ನ ಆಕರ್ಷಣೆಯನ್ನು ಕಳೆದುಕೊಂಡು ಗುಂಡಿಯನ್ನು ಕೈಬಿಡುತ್ತದೆ. ಒಂದು ಕುದಿದೊಡನೆ ಬಿಡುವುದು, ಇನ್ನೊಂದು ಬತ್ತಿದ ಮೇಲೆ ಬಿಡುವುದು. ಈ ತಾರತಮ್ಯವನ್ನು ಅರಿಯದೆ ನಾನು ವಿಜಯಪುರದ ಲಾಡ್ಜೊಂದರಲ್ಲಿ, ‘ಕೊಠಡಿಯೊಳಗೆ ಅಡಿಗೆ ಮಾಡಬಾರದು’ ಎಂಬ ಫಲಕದ ನೇರ ಕೆಳಗೆ ನಿಂತು, ಕೆಟಲ್ಲಿನಲ್ಲಿ ಉಪ್ಪಿಟ್ಟನ್ನು ಆರಂಭಿಸಿದೆನು. ಅದು ಬಿಟ್ಟಿತು, ನಾನು ಒತ್ತಿದೆನು. ಮತ್ತೆ ಬಿಟ್ಟಿತು, ಮತ್ತೆ ಒತ್ತಿದೆನು. ಐದನೆಯ ಆವೃತ್ತಿಯಲ್ಲಿ ರವೆಯು ತಳಕ್ಕೆ ಕಚ್ಚಿ, ಮೇಲ್ಭಾಗವು ಗಂಜಿಯಾಗಿಯೇ ಉಳಿದು, ಸೀದ ಪರಿಮಳವು ಬಾಗಿಲಿನ ಸಂದಿಯಿಂದ ಹೊರಟು ಮಹಡಿಯನ್ನೆಲ್ಲ ವ್ಯಾಪಿಸಿತು. ಮ್ಯಾನೇಜರನು ಬಂದು ಬಾಗಿಲು ಬಡಿದು, “ಏನ್ರಿ ಸರ, ಉಪ್ಪಿಟ್ಟು ಹೊತ್ತಿದ ವಾಸನಿ ಬರಾಕತ್ತೈತಿ?” ಎಂದನು. ಪಕ್ಕದ ಕೊಠಡಿಯಿಂದಿರಬಹುದೆಂದು ನಾನು ಊಹೆಯನ್ನು ವ್ಯಕ್ತಪಡಿಸಿದೆನು. “ಬಾಜೂ ಖೋಲಿ ಖಾಲಿ ಐತ್ರಿ” ಎಂದು ಆತನು ವಿನಯದಿಂದಲೇ ಅರುಹಿದನು.

ಅಂದಿನಿಂದ ನಾನು ಗೊಜ್ಜವಲಕ್ಕಿ ಮತಸ್ಥನಾಗಿದ್ದೇನೆ. ಭತ್ತವನ್ನು ನೆನೆಸಿ ಹುರಿದು ಕುಟ್ಟಿದಾಗಲೇ ಅವಲಕ್ಕಿಯ ಪಾಕಸಂಸ್ಕಾರವು ಮುಗಿದುಹೋಗಿರುವುದರಿಂದ, ಅದಕ್ಕೆ ಹುಣಿಸೆ ಬೆಲ್ಲ ಸಾರಿನಪುಡಿಗಳ ನೀರನ್ನು ಎರೆಯುವುದು ಅಡಿಗೆಯಲ್ಲ, ಕೇವಲ ಸ್ನಾನ; ಆದಕಾರಣ ಫಲಕದ ನಿಷೇಧವು ಇದಕ್ಕೆ ಅನ್ವಯಿಸದು.

ಇಷ್ಟಾಗಿಯೂ ಮೂಲಸಂಶಯವು ಹಾಗೆಯೇ ಉಳಿಯಿತಷ್ಟೆ. ಅದರ ಪರಿಹಾರವು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ದೊರೆಯಿತು. ಎದುರಿನ ಸೀಟಿನಲ್ಲಿ ಬಾಗಲಕೋಟೆಗೆ ಹೊರಟಿದ್ದ ಒಬ್ಬ ಹಿರಿಯ ಹೆಂಗಸು, ತುಮಕೂರು ದಾಟಿದ ಮೇಲೆ ನಾನು ಪುಳಿಯೋಗರೆಯ ಡಬ್ಬಿ ತೆರೆದುದೇ ತಡ, ತನ್ನ ಅರಿವೆಯ ಗಂಟನ್ನೂ ಬಿಚ್ಚಿದಳು. ಕಾಗದದಂತೆ ತೆಳುವಾದ ಕಡಕ್ ರೊಟ್ಟಿ, ಗಟ್ಟಿ ಮೊಸರು, ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾಚಟ್ನಿ. “ತಗೋರಿ ಅಣ್ಣಾರ, ಒಂದ ರೊಟ್ಟಿ ತಿಂದ ನೋಡ್ರಿ” ಎಂದಳು. ಒಂದು ನಾಲ್ಕಾಯಿತು, ನನ್ನ ಪುಳಿಯೋಗರೆಯು ಅವಳ ಮೊಮ್ಮಕ್ಕಳಿಬ್ಬರ ಪಾಲಾಯಿತು, ಉಳಿದ ಚಟ್ನಿಯನ್ನು ಅವಳು ನನ್ನ ಬರಿದಾದ ಡಬ್ಬಿಗೇ ಸುರಿದಳು. ಲಾಡ್ಜಿನ ನಲ್ಲಿಯಲ್ಲಿ ಆ ಡಬ್ಬಿಯನ್ನು ನಾನು ಮೂರು ಬಾರಿ ತೊಳೆದೆನೆಂಬುದಕ್ಕೆ ದೇವರೇ ಸಾಕ್ಷಿ.

ಮನೆಯಲ್ಲಿ ಅದನ್ನು ಸಿಂಕಿನ ಬಳಿ ಇಟ್ಟು ಬೆನ್ನು ತಿರುಗಿಸುವಷ್ಟರಲ್ಲಿ, ನ್ಯಾಯಶಾಸ್ತ್ರದ ಪಂಚಾವಯವ ವಾಕ್ಯವು ಹಿಂದಿನಿಂದ ಕೇಳಿಬಂದಿತು. “ನೀವು ಪುಳಿಯೋಗರೆ ತಿಂದಿಲ್ಲ” ಎಂಬುದು ಪ್ರತಿಜ್ಞೆ. “ಮುಚ್ಚಳದ ರಬ್ಬರಲ್ಲಿ ಬೆಳ್ಳುಳ್ಳಿ ವಾಸನೆ” ಎಂಬುದು ಹೇತು. “ಹೋದ ಶ್ರಾವಣದಲ್ಲಿ ಧಾರವಾಡದವರ ಜೊತೆ ಹೋಗಿದ್ರಲ್ಲ, ಆಗಲೂ ಹೀಗೇ ಬಂದಿತ್ತು” ಎಂಬುದು ಉದಾಹರಣೆ. “ಇದೂ ಅದೇ ವಾಸನೆ” ಎಂಬುದು ಉಪನಯ. ಪರ್ವತದ ಮೇಲಿನ ಹೊಗೆಯಿಂದ ಅಗ್ನಿಯನ್ನು ಊಹಿಸಿದ ನೈಯಾಯಿಕರು ಈ ರಬ್ಬರಿನ ಉಂಗುರವನ್ನು ಕಂಡಿದ್ದರೆ ಪರ್ವತವನ್ನು ಹತ್ತುವ ಶ್ರಮವನ್ನು ಉಳಿಸಿಕೊಳ್ಳುತ್ತಿದ್ದರು. ನಿಗಮನವನ್ನು ನಾನು ತಲೆ ತಗ್ಗಿಸಿಕೊಂಡು ನಿರೀಕ್ಷಿಸುತ್ತಿರಲು, ಆಕೆಯು ಉಂಗುರದ ಸಂದಿನಲ್ಲಿ ಉಳಿದಿದ್ದ ಒಂದು ಕಣವನ್ನು ಬೆರಳಿನಿಂದ ತೆಗೆದು ನಾಲಗೆಗೆ ಮುಟ್ಟಿಸಿ, ಕ್ಷಣಕಾಲ ಸುಮ್ಮನಿದ್ದು, “ಒರಳಲ್ಲಿ ಕುಟ್ಟಿದಾರೆ. ಮಿಕ್ಸಿದಲ್ಲ. ಅವರಿಗೆ ಇನ್ನೊಂದು ಸಲ ಪುಳಿಯೋಗರೆ ಕಟ್ತೀನಿ, ಹೇಗೆ ಮಾಡೋದು ಕೇಳ್ಕೊಂಡು ಬನ್ನಿ” ಎಂದಳು.

ಹೀಗೆ ನನ್ನ ಚೀಲದಲ್ಲಿ ಡಬ್ಬಿಗಳು ಮೂರಾದವು. ಆದರೆ ಬಾಗಲಕೋಟೆಯ ಆ ಹೆಂಗಸು ಅನಂತರದ ಏಳು ಪ್ರಯಾಣಗಳಲ್ಲಿ ಎಲ್ಲಿಯೂ ಕಾಣಲಿಲ್ಲ. ಹೆಸರನ್ನು ನಾನು ಕೇಳಿರಲಿಲ್ಲ. ಮೂರನೆಯ ಡಬ್ಬಿಯ ಪುಳಿಯೋಗರೆಯನ್ನು ಬಾದಾಮಿ ಬರುವಷ್ಟರಲ್ಲಿ ನಾನೇ ಪೂರೈಸುತ್ತಿದ್ದೆನು. ಪ್ರತಿಸಲವೂ ‘ಸಿಕ್ಕಲಿಲ್ಲ’ ಎಂದು ಹೇಳಲು ಮನಸ್ಸು ಬಾರದೆ, ಎಂಟನೆಯ ಪ್ರಯಾಣದಲ್ಲಿ, ಪರರ ಸುಳ್ಳು ವೋಚರುಗಳನ್ನು ಹಿಡಿಯುವುದೇ ವೃತ್ತಿಯಾಗಿರುವ ನಾನು, ವಿಜಯಪುರದ ಬಜಾರಿನಲ್ಲಿ ಕಾಲು ಕಿಲೋ ಶೇಂಗಾಚಟ್ನಿ ಕೊಂಡು, ಲಾಡ್ಜಿನ ಕೊಠಡಿಯಲ್ಲಿ ಚಿಲಕ ಹಾಕಿಕೊಂಡು, ಅದನ್ನು ಡಬ್ಬಿಯ ಒಳಗೂ ರಬ್ಬರಿನ ಉಂಗುರಕ್ಕೂ ಶ್ರದ್ಧೆಯಿಂದ ಸವರಿದೆನು. ಅಂಜನಾಪುರದ ಸಿಂಕಿನ ಬಳಿ ಆಕೆಯು ಮುಚ್ಚಳವನ್ನು ತೆಗೆದು ಮೂಗಿನ ಹತ್ತಿರ ಹಿಡಿದಳು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆನು.

“ಇದು ಅಂಗಡೀದು” ಎಂದಳು.