ಕ್ಲಾಟ್ ಮಿತಾಕ್ಷರಾ: ತುಮಕೂರು ಸೀಮೆಯ ಗುಂಪು ಓದಿನ ಶಾಸ್ತ್ರ

ಉಪೋದ್ಘಾತ

ಧರ್ಮಶಾಸ್ತ್ರಕ್ಕೂ ಕನ್ನಡ ನೆಲಕ್ಕೂ ನಂಟು ಹಳೆಯದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಕೂತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಬಂಗಾಳದವರು ಜೀಮೂತವಾಹನನ ‘ದಾಯಭಾಗ’ವನ್ನು ಹಿಡಿದರು, ಉಳಿದ ಬಹುಪಾಲು ಭಾರತ ಅಣ್ಣತಮ್ಮಂದಿರ ಆಸ್ತಿ ಪಾಲಿಗೆ ಕಲ್ಯಾಣದ ಕಡೆಗೇ ನೋಡಿತು. ಇಷ್ಟೆಲ್ಲ ಪರಂಪರೆ ಇದ್ದೂ, ಆಸ್ತಿ ಪಾಲಿನಷ್ಟೇ ಜಟಿಲವಾದ, ಅದಕ್ಕಿಂತ ಹೆಚ್ಚು ಜಗಳ ಹುಟ್ಟಿಸುವ ಒಂದು ವಿಷಯ ವ್ಯಾಖ್ಯಾನಕಾರರ ಕಣ್ಣಿಗೆ ಬೀಳದೆ ಉಳಿದಿದೆ. ಕಾನೂನು ಪದವಿಗೆ ಸೇರಲು ಬರೆಯುವ ಕ್ಲಾಟ್ ಪರೀಕ್ಷೆಗೆಂದು ತುಮಕೂರು, ಗುಬ್ಬಿ, ಕುಣಿಗಲ್ಲಿನ ಪಿಯುಸಿ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಮಾಡುವ ಕಂಬೈನ್ಡ್ ಸ್ಟಡಿಯೇ ಆ ವಿಷಯ. ಕೊರತೆಯನ್ನು ತುಂಬಲು ಹೊರಟಿದೆ ಈ ಪ್ರಬಂಧ.

ಶಾಸ್ತ್ರವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಪ್ರಯೋಜನ ಇದೆಯೋ ಇಲ್ಲವೋ ಎಂಬ ಬಗ್ಗೆಯೇ ತಕರಾರು ಇರುವುದರಿಂದ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇವೆ.

ಅಧಿಕಾರಿ ನಿರ್ಣಯ

ಸೂತ್ರ 1: ಸಿಇಟಿಗೂ ನೀಟ್‌ಗೂ ಬೆನ್ನು ಹಾಕಿದವನೇ ಅಧಿಕಾರಿ.

ಭಾಷ್ಯ: ದ್ವಿತೀಯ ಪಿಯುಸಿಗೆ ಬಂದ ಮಗುವಿಗೆ ನಮ್ಮ ಕಡೆ ಎರಡೇ ಗತಿ. ಮೂರನೆಯದನ್ನು ಬಾಯಿಬಿಟ್ಟು ಹೇಳಿದವನಿಗೆ ದೊಡ್ಡಪ್ಪ ಕೇಳುವುದು ಒಂದೇ ಮಾತು: “ಲಾ ಓದೋಕೂ ಎಂಟ್ರೆನ್ಸ್ ಬೇರೆ ಕೇಡು?” ದೊಡ್ಡಪ್ಪನ ಬೆರಗಿಗೂ ಆಧಾರವಿದೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಊರಿನ ಕಾಲೇಜಿಗೆ ಪಿಯುಸಿ ಅಂಕಪಟ್ಟಿ ಹಿಡಿದು ಹೋದರೆ ಸಾಕು. ಆದರೆ ಬೆಂಗಳೂರಿನ ನಾಗರಬಾವಿಯಲ್ಲಿ 1986ರ ರಾಜ್ಯ ಕಾಯ್ದೆಯಿಂದ ಹುಟ್ಟಿ, ಎನ್. ಆರ್. ಮಾಧವ ಮೆನನ್ನರ ನೇತೃತ್ವದಲ್ಲಿ 1988ರಲ್ಲಿ ಪಾಠ ಶುರುಮಾಡಿದ ನ್ಯಾಷನಲ್ ಲಾ ಸ್ಕೂಲಿನ ಬಾಗಿಲು ಅಂಕಪಟ್ಟಿಗೆ ತೆರೆಯುವುದಿಲ್ಲ. ಮೊದಲು ಒಂದೊಂದು ಲಾ ಸ್ಕೂಲಿಗೂ ಒಂದೊಂದು ಪರೀಕ್ಷೆ ಇತ್ತು. ಊರೂರು ಅಲೆದು ಬರೆಯಲಾರೆವೆಂದು ಸುಪ್ರೀಂ ಕೋರ್ಟಿಗೆ ಅರ್ಜಿ ಹೋದ ಮೇಲೆ, 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಕ್ಲಾಟ್ ನಡೆಸಿದವು. ಕಾನೂನು ಓದುವ ಪರೀಕ್ಷೆಯೇ ಕೋರ್ಟಿನ ಮೆಟ್ಟಿಲ ಮೇಲೆ ಹುಟ್ಟಿದ್ದೆಂಬ ಈ ಜನ್ಮವೃತ್ತಾಂತವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಅಧಿಕಾರಿಗೆ ಇನ್ನೊಂದು ಲಕ್ಷಣವೂ ಉಂಟು: ನಾಲ್ಕು ಸಾವಿರ ರೂಪಾಯಿ ಅರ್ಜಿ ಶುಲ್ಕ ಕೇಳುವಾಗ ಅಪ್ಪನ ಮುಖ ನೋಡದೆ ಗೋಡೆಯ ಕ್ಯಾಲೆಂಡರ್ ನೋಡುವ ಧೈರ್ಯ.

ವಿಷಯ ನಿರೂಪಣೆ

ಸೂತ್ರ 2: ನೂರಿಪ್ಪತ್ತು ನಿಮಿಷ, ನೂರಿಪ್ಪತ್ತು ಪ್ರಶ್ನೆ, ನಡುವೆ ಉಸಿರಿಗೆ ಅಂಕವಿಲ್ಲ.

ಭಾಷ್ಯ: ಡಿಸೆಂಬರಿನ ಒಂದು ಭಾನುವಾರ, ಮಧ್ಯಾಹ್ನ 2ರಿಂದ 4. ಊಟವಾದ ಮೇಲೆ ಕರ್ನಾಟಕದ ಮನುಷ್ಯಮಾತ್ರರು ಮಲಗುವ ಹೊತ್ತನ್ನೇ ಆರಿಸಿರುವುದರಲ್ಲಿ ಮೊದಲ ಜರಡಿ ಅಡಗಿದೆ. ಇಂಗ್ಲಿಷ್, ಕರೆಂಟ್ ಅಫೇರ್ಸ್, ಲೀಗಲ್ ರೀಸನಿಂಗ್, ಲಾಜಿಕಲ್ ರೀಸನಿಂಗ್, ಸ್ವಲ್ಪ ಲೆಕ್ಕ. ಎಲ್ಲವೂ ಪ್ಯಾಸೇಜ್ ರೂಪದಲ್ಲಿ. ಒಂದೊಂದು ನಾನೂರೈವತ್ತು ಪದದವರೆಗೂ ಹೋದೀತು. ಲೀಗಲ್ ಭಾಗಕ್ಕೆ ಕಾನೂನು ಮೊದಲೇ ಗೊತ್ತಿರಬೇಕಿಲ್ಲ, ನಿಯಮ ಪ್ಯಾಸೇಜಿನಲ್ಲೇ ಇರುತ್ತದೆ ಎಂದು ಪರೀಕ್ಷೆ ನಡೆಸುವವರೇ ಹೇಳುತ್ತಾರೆ. ಕಾನೂನು ಗೊತ್ತಿರಬೇಕಿಲ್ಲ, ಇಂಗ್ಲಿಷ್ ಗೊತ್ತಿರಬೇಕು. ಇದು ಈ ಶಾಸ್ತ್ರದ ಮಹಾವಾಕ್ಯ.

ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಡಿತ. ಇಲ್ಲಿ ವಿದ್ವಾಂಸರು ಗಮನಿಸಬೇಕಾದ ಒಂದು ಗಣಿತವಿದೆ. ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಕಣ್ಣು ಮುಚ್ಚಿ ಗುರುತು ಹಾಕುವವನಿಗೆ ಸರಾಸರಿ 16 ಪ್ರಶ್ನೆಯಲ್ಲಿ 4 ಸರಿ, 12 ತಪ್ಪು. ನಾಲ್ಕರಲ್ಲಿ ಮೂರು ಕಳೆದರೆ ನಿವ್ವಳ 1 ಅಂಕ ಲಾಭ. ಸುಪ್ರೀಂ ಕೋರ್ಟಿನಲ್ಲಿ ನಿಲ್ಲಿಸಿದ ಹೊಸ ನ್ಯಾಯದೇವತೆಯ ಕಣ್ಣಿಗೆ ಪಟ್ಟಿ ಇಲ್ಲ. ಪರೀಕ್ಷಾ ಕೊಠಡಿಯಲ್ಲಿ ಮಾತ್ರ ಕಣ್ಣು ಕಟ್ಟಿಕೊಂಡವರಿಗೆ ಇನ್ನೂ ಹದಿನಾರಕ್ಕೊಂದು ಕೂಲಿ ಸಿಗುತ್ತಿದೆ.

ಈ ಶಾಸ್ತ್ರದಲ್ಲಿ ಪ್ರಮಾಣಗಳು ಮೂರು. ಪ್ಯಾಸೇಜನ್ನು ತಾನೇ ಓದಿ ಉತ್ತರ ಕಾಣುವುದು ಪ್ರತ್ಯಕ್ಷ, ಬಲು ಅಪರೂಪ. ಯೂಟ್ಯೂಬಿನ ಸರ್ ಹೇಳಿದರೆಂದು ನಂಬುವುದು ಶಬ್ದ. ಮೂರು ಸಲ ‘ಬಿ’ ಬಂದಾಯಿತು, ನಾಲ್ಕನೆಯದೂ ‘ಬಿ’ ಆಗಿರಲಾರದು ಎನ್ನುವುದು ಅನುಮಾನ. ಗುಂಪು ಓದಿನಲ್ಲಿ ನಾಲ್ಕನೆಯದೊಂದು ಸೇರುತ್ತದೆ: ಯಾರ ಗಂಟಲು ದೊಡ್ಡದೋ ಅವರ ಉತ್ತರವೇ ಸರಿ. ನೈಯಾಯಿಕರಿಗೆ ಇದು ಹೊಳೆದಿರಲಿಲ್ಲ.

ಪಂಥಭೇದ

ಸೂತ್ರ 3: ಊರು ಮೂರು, ಓದು ಮೂರು ಬಗೆ.

ಭಾಷ್ಯ: ಮೊದಲನೆಯದು ಗುಬ್ಬಿ ಪಂಥ. ಇದರ ಮೂಲವನ್ನು 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯಲ್ಲಿ ಹುಡುಕಬೇಕೆಂಬುದು ನಮ್ಮ ಮತ. ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದ ವೀರಣ್ಣನವರ ಊರಿನ ಹುಡುಗ ಮನಸ್ಸಿನಲ್ಲಿ ಓದಲಾರ. ಸಂವಿಧಾನದ 21ನೇ ವಿಧಿಯನ್ನು ಅವನು ಹೇಳುವುದು ಗೋಡೆಯಾಚೆ ಕೂತ ಹಿಂದಿನ ಸಾಲಿನ ಪ್ರೇಕ್ಷಕನಿಗೆ. ಅಂತೂ ಪಕ್ಕದ ಮನೆಯ ಬಾಡಿಗೆದಾರನಿಗೆ ಮೂಲಭೂತ ಹಕ್ಕುಗಳು ಬಾಯಿಪಾಠವಾಗಿವೆ.

ಎರಡನೆಯದು ಕುಣಿಗಲ್ ಪಂಥ. ಟಿಪ್ಪುವಿನ ಕಾಲದ ನೆನಪು ಹೊತ್ತ ಕುದುರೆ ಫಾರಂ ಇರುವ ಊರಾದ್ದರಿಂದ ಇವರ ಧರ್ಮ ವೇಗ. ಕುಣಿಗಲ್ಲಿನವಳು ಹೆಬ್ಬೂರಿನ ಮೇಲೆ ಬರುವ ಬಸ್ಸಿನಲ್ಲೇ ಒಂದು ಮಾಕ್ ಟೆಸ್ಟ್ ಮುಗಿಸಿರುತ್ತಾಳೆ. ಪ್ರಶ್ನೆ ಪೂರ್ತಿ ಓದುವುದು ಸೋಮಾರಿತನವೆಂದು ಅವಳ ನಂಬಿಕೆ. ಮೊದಲ ಸಾಲು, ಕೊನೆಯ ಸಾಲು, ಆಮೇಲೆ ಗುರುತು. ನಡುವೆ ‘ಅಲ್ಲ’ ಎಂಬ ಒಂದು ಪದ ಇದ್ದುದರಿಂದ ಅಂಕ ಹೋಯಿತೆಂದು ಹೇಳಿದರೆ, “ಅಲ್ಲ ಅನ್ನೋದನ್ನ ಮೊದಲೇ ಹೇಳಬೇಕಿತ್ತಲ್ವಾ?” ಎಂದು ಪ್ರಶ್ನೆಪತ್ರಿಕೆಯ ಮೇಲೆಯೇ ದಾವೆ ಹೂಡುತ್ತಾಳೆ.

ಮೂರನೆಯದು ತುಮಕೂರು ಪಂಥ. ಇದಕ್ಕೆ ಜೆರಾಕ್ಸ್ ಪಂಥವೆಂಬ ಇನ್ನೊಂದು ಹೆಸರುಂಟು. ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ, ಸ್ಪೈರಲ್ ಹಾಕಿಸಿ, ಮೇಲೆ ಹೆಸರು ಬರೆದರೆ ಆ ವಿಷಯ ಓದಿದಂತೆಯೇ ಲೆಕ್ಕ ಎಂಬುದು ಇವರ ಸಿದ್ಧಾಂತ. ಕೋಣೆಯೂ ತುಮಕೂರಿನವನದೇ, ಕಾಫಿಯೂ ಅವನಮ್ಮನದೇ. ಆದ್ದರಿಂದ ವೇಳಾಪಟ್ಟಿ ಹಾಕುವ ಅಧಿಕಾರವೂ ತನ್ನದೇ ಎನ್ನುತ್ತಾನೆ. ಗುಬ್ಬಿಯಿಂದ ಸುಮಾರು 20 ಕಿ.ಮೀ., ಕುಣಿಗಲ್ಲಿನಿಂದ ಹೆಚ್ಚುಕಮ್ಮಿ ಅದರ ಎರಡರಷ್ಟು ದೂರ ಬಂದವರು ಇದನ್ನು ಒಪ್ಪುವುದಿಲ್ಲ. ಪ್ರತಿ ಭಾನುವಾರದ ಮೊದಲ ಒಂದು ಗಂಟೆ ಕಳೆಯುವುದು ಯಾರ ವ್ಯಾಪ್ತಿ ಎಲ್ಲಿಯವರೆಗೆ ಎಂಬ ವಾದದಲ್ಲಿ. ಸಿವಿಲ್ ಕೋರ್ಟುಗಳಲ್ಲೂ ಮೊದಲ ತಕರಾರು ಅದೇ ಎಂಬುದನ್ನು ಅವರಿಗೆ ಯಾರೂ ಇನ್ನೂ ಹೇಳಿಕೊಟ್ಟಿಲ್ಲ.

ಇಡ್ಲಿ ಅಧಿಕರಣ

ಮೀಮಾಂಸಕರ ಪದ್ಧತಿಯಂತೆ ಒಂದು ಅಧಿಕರಣವನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿಗಳಾಗಿ ಬಿಡಿಸಿ ತೋರಿಸುತ್ತೇವೆ.

ವಿಷಯ: ಕ್ಯಾತ್ಸಂದ್ರದ ಒಂದು ಹೋಟೆಲಿನಲ್ಲಿ ಮೂರೂ ಪಂಥದವರು ತಟ್ಟೆ ಇಡ್ಲಿ ತಿಂದಿದ್ದಾರೆ. ಗುಬ್ಬಿಯವನು ಮೂರು ತಿಂದಿದ್ದಾನೆ. ಮೂರನೆಯದರ ಮೇಲೆ ಬೆಣ್ಣೆಯೂ ಇತ್ತು.

ಸಂಶಯ: ಬಿಲ್ಲು ಕೊಡಬೇಕೋ ಬೇಡವೋ?

ಪೂರ್ವಪಕ್ಷ: ಗುಬ್ಬಿಯವನು ಎದ್ದು ನಿಂತು ಹೇಳಿದ: “ಅಣ್ಣ, ನನಗೆ ಹದಿನೇಳು. 1872ರ ಕರಾರು ಕಾಯ್ದೆಯ 11ನೇ ಕಲಂ ನೋಡಿ. ಮೋಹೊರಿ ಬೀಬಿ ಕೇಸಲ್ಲಿ 1903ರಲ್ಲೇ ಪ್ರಿವಿ ಕೌನ್ಸಿಲ್ ಹೇಳಿದೆ, ಮೈನರ್ ಮಾಡಿಕೊಂಡ ಕರಾರು ಊರ್ಜಿತವೇ ಅಲ್ಲ ಅಂತ. ನಿಮ್ಮದೂ ನನ್ನದೂ ಕರಾರೇ ಆಗಿಲ್ಲ.”

ಇದಕ್ಕೆ ಎದುರುವಾದ ಬಂದದ್ದು ಹೋಟೆಲಿನವರಿಂದಲ್ಲ, ಕುಣಿಗಲ್ಲಿನವಳಿಂದ. 68ನೇ ಕಲಂ ಪ್ರಕಾರ ಕರಾರಿಗೆ ಅರ್ಹತೆ ಇಲ್ಲದವನಿಗೂ ಬದುಕಿಗೆ ಬೇಕಾದದ್ದನ್ನು ಒದಗಿಸಿದ್ದರೆ ಅವನ ಆಸ್ತಿಯಿಂದ ವಸೂಲು ಮಾಡಬಹುದು ಎಂದಳು. ತುಮಕೂರಿನವನು ಜೆರಾಕ್ಸ್ ತೆಗೆದ. ಇಂಗ್ಲೆಂಡಿನಲ್ಲಿ 1908ರಲ್ಲಿ ತೀರ್ಮಾನವಾದ ನ್ಯಾಶ್ ಮತ್ತು ಇನ್‌ಮನ್ ಕೇಸು: ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಮೈನರ್ ಹುಡುಗನಿಗೆ ದರ್ಜಿಯೊಬ್ಬ ಹನ್ನೊಂದು ಶೋಕಿ ವೇಸ್ಟ್‌ಕೋಟು ಹೊಲಿದುಕೊಟ್ಟ, ಹುಡುಗನ ಹತ್ತಿರ ಬಟ್ಟೆ ಆಗಲೇ ಸಾಕಷ್ಟಿತ್ತು, ಆದ್ದರಿಂದ ಅವು ಅವಶ್ಯಕವಲ್ಲವೆಂದು ಕೋರ್ಟು ಹೇಳಿತು, ದರ್ಜಿಗೆ ದುಡ್ಡು ಹುಟ್ಟಲಿಲ್ಲ. ಹಾಗಾದರೆ ಮೊದಲ ಇಡ್ಲಿ ಅವಶ್ಯಕ, ಎರಡನೆಯದು ಚರ್ಚಾಸ್ಪದ, ಹೊಟ್ಟೆ ತುಂಬಿದ ಮೇಲೆ ಬಂದ ಬೆಣ್ಣೆ ಇಡ್ಲಿ ಹನ್ನೊಂದನೆಯ ವೇಸ್ಟ್‌ಕೋಟು. ಅದಕ್ಕೆ ದುಡ್ಡಿಲ್ಲ.

ಸಿದ್ಧಾಂತ: ಹೋಟೆಲಿನವರು ಲೋಟ ತೊಳೆಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡರು. “ಆಯ್ತು ಕಣಪ್ಪ. ಕರಾರು ಬ್ಯಾಡ. ಆ ಬ್ಯಾಗು ಇಲ್ಲಿಟ್ಟು ಹೋಗು.”

ಬ್ಯಾಗು ಎಂದರೆ ಆಸ್ತಿ. ಆಸ್ತಿಯಿಂದ ವಸೂಲಿ ಎಂದರೆ 68ನೇ ಕಲಂ. ಕಾಯ್ದೆಯ ಹೆಸರೇ ಕೇಳದ ಮನುಷ್ಯ ಅದನ್ನು ಅಕ್ಷರಶಃ ಜಾರಿ ಮಾಡಿದ್ದರು. ಮೂವರೂ ದುಡ್ಡು ಸೇರಿಸಿ ಕೊಟ್ಟು ಹೊರಬಂದರು. ಅದೇ ವಾರದ ಮಾಕ್‌ನಲ್ಲಿ ಮೈನರ್ ಕರಾರಿನ ಪ್ಯಾಸೇಜ್ ಬಂದಾಗ ಮೂವರಿಗೂ ಪೂರ್ತಿ ಅಂಕ ಬಂತೆಂಬುದನ್ನು ಸಂಗತಿ ಎಂದು ದಾಖಲಿಸುತ್ತೇವೆ.

ದಾರಿ ಅಧಿಕರಣ

ಸೂತ್ರ 4: ಪ್ಯಾಸೇಜ್ ಓದಲು ಬಾರದವರನ್ನೂ ಕೇಳು.

ಭಾಷ್ಯ: ದಸರಾ ರಜೆಯಲ್ಲಿ ಓದು ಗುಬ್ಬಿಯ ಕಡೆ ಅಡಿಕೆ ತೋಟದ ಮನೆಗೆ ವರ್ಗವಾಯಿತು. ಪ್ಯಾಸೇಜಿನ ವಿಷಯ ಇನ್ನೊಬ್ಬರ ಜಮೀನಿನಲ್ಲಿ ದಾರಿಯ ಹಕ್ಕು. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಹಕ್ಕೆಂದು ನಡೆದಾಡಿದ್ದರೆ ಆ ದಾರಿ ಈಸ್‌ಮೆಂಟ್ ಹಕ್ಕಾಗುತ್ತದೆ. ಪ್ರಶ್ನೆ: ಒಬ್ಬ ಇಪ್ಪತ್ತೈದು ವರ್ಷದಿಂದ ಪಕ್ಕದವರ ತೋಟದಲ್ಲಿ ಓಡಾಡುತ್ತಿದ್ದಾನೆ, ವರ್ಷಕ್ಕೊಮ್ಮೆ ಬಂದು ಅನುಮತಿ ಕೇಳುತ್ತಾನೆ, ಅವನಿಗೆ ಹಕ್ಕಿದೆಯೇ? ಇಪ್ಪತ್ತಕ್ಕಿಂತ ಇಪ್ಪತ್ತೈದು ಹೆಚ್ಚಲ್ಲವೇ? ಮೂವರೂ ‘ಎ’ ಎಂದರು. ಗಂಟಲ ಪ್ರಮಾಣ ಕೆಲಸ ಮಾಡಿತ್ತು.

ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿ ಕೈ ನಿಲ್ಲಿಸದೆ ಕೇಳಿದರು: “ಏನ್ ಮಗಾ ಅದು, ದಾರಿ ಗೀರಿ ಅಂತೀರಾ?” ಹುಡುಗಿ ಕನ್ನಡದಲ್ಲಿ ಹೇಳಿದಳು. ಅಜ್ಜಿ ನಕ್ಕರು. “ನಮ್ ಕೆಳಗಿನ ತ್ವಾಟದೋನೂ ಹಂಗೇ. ವರ್ಷಾ ಗೌರಿ ಹಬ್ಬಕ್ಕೆ ಒಂದು ಚಿಪ್ಪು ಬಾಳೆಹಣ್ಣು ತಂದ್ಕೊಟ್ಟು, ‘ಅಕ್ಕಾ, ಈ ವರ್ಷಾನೂ ಓಡಾಡ್ಕಂತೀನಿ’ ಅಂತಿದ್ದ. ಕೊನೆಗೆ ದಾರಿ ನಂದೇ ಅಂತ ದಾವಾ ಹಾಕ್ದ. ಕೇಳ್ಕಂಡು ಓಡಾಡಿದ್ದು ಹೆಂಗವ್ವಾ ಹಕ್ಕಾಗ್ತದೆ? ಹಕ್ಕು ಅಂದ್ರೆ ಕೇಳ್ದೇ ನಡೀಬೇಕು.”

ಕೀ ಉತ್ತರ ‘ಸಿ’: ಅನುಮತಿ ಪಡೆದು ನಡೆದ ದಾರಿ ಎಷ್ಟು ವರ್ಷವಾದರೂ ಹಕ್ಕಾಗದು. ವಾಯಿದೆ, ವಕಾಲತ್ತು, ಕಮಿಷನರ್ ಅಳತೆ, ತಡೆಯಾಜ್ಞೆ ಎಲ್ಲವನ್ನೂ ಕೋರ್ಟಿನ ಕಟ್ಟೆಯ ಮೇಲೆ ಕೂತು ಕಲಿತ ಅಜ್ಜಿಗೆ ಪ್ರಶ್ನೆ ಕಷ್ಟವಾಗಿರಲಿಲ್ಲ. ಪ್ರಶ್ನೆಯ ಭಾಷೆ ಮಾತ್ರ ಬಾರದು.

ಇಲ್ಲಿ ವ್ಯಾಖ್ಯಾನಕಾರರಿಗೆ ಒಂದು ಗಂಟು ಬಿಡಿಸಲಾಗದು. ತಾಲ್ಲೂಕು ಕೋರ್ಟಿನಲ್ಲಿ ಅಜ್ಜಿ ಸಾಕ್ಷಿ ಹೇಳುವುದು ಕನ್ನಡದಲ್ಲಿ, ಬರೆದುಕೊಳ್ಳುವುದು ಕನ್ನಡದಲ್ಲಿ. ಲಾ ಸ್ಕೂಲಿನ ಕರ್ನಾಟಕದ ಕೋಟಾದಲ್ಲಿ ಸೀಟು ಕೇಳುವವರು ಕನಿಷ್ಠ ಹತ್ತು ವರ್ಷ ಈ ರಾಜ್ಯದಲ್ಲೇ ಓದಿರಬೇಕು. ಆದರೆ ಆ ಹತ್ತು ವರ್ಷದಲ್ಲಿ ಅವರು ಕಲಿತಿರಬಹುದಾದ ಕನ್ನಡಕ್ಕೆ ನೂರಿಪ್ಪತ್ತರಲ್ಲಿ ಒಂದು ಅಂಕವೂ ಇಲ್ಲ. ಪೂರ್ವಾಚಾರ್ಯರು ಇಂಥ ಕಡೆ ‘ಚಿಂತ್ಯ’ ಎಂದು ಬರೆದು ಮುಂದೆ ಹೋಗುತ್ತಿದ್ದರು. ನಾವೂ ಬರೆದಿದ್ದೇವೆ; ಮುಂದೆ ಹೋಗಲು ಮನಸ್ಸಿಲ್ಲ.

ಪ್ರಯೋಜನ ವಿಚಾರ

ಪೂರ್ವಪಕ್ಷ ತಂದೆತಾಯಿಗಳದು: “ಕಂಬೈನ್ಡ್ ಸ್ಟಡಿ ಅಂದ್ರೆ ಕಂಬೈನ್ಡ್ ಹರಟೆ. ಪರೀಕ್ಷೆ ಒಬ್ಬೊಬ್ಬರೇ ಬರೆಯೋದು, ಓದೂ ಒಬ್ಬೊಬ್ಬರೇ ಓದಲಿ.” ಈ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಮೂರು ಗಂಟೆ ಕೂತರೆ ಓದು ನಡೆಯುವುದು ನಲವತ್ತು ನಿಮಿಷ. ಉಳಿದದ್ದು ವ್ಯಾಪ್ತಿ, ಬಿಲ್ಲು, ಯಾರ ನೋಟ್ಸ್ ಯಾರ ಬ್ಯಾಗಿಗೆ ಹೋಯಿತೆಂಬ ವಿಚಾರಣೆ.

ಸಿದ್ಧಾಂತ: ಆ ಉಳಿದ ಹೊತ್ತೇ ಕಾನೂನು. ಒಂಟಿಯಾಗಿ ಕೂತವನಿಗೆ ಕೀ ಉತ್ತರ ಒಪ್ಪುವುದು ಬಿಟ್ಟು ಗತಿಯಿಲ್ಲ. ಮೂವರು ಕೂತರೆ ಕೀ ಉತ್ತರವೂ ಕಟಕಟೆ ಹತ್ತುತ್ತದೆ. ಇದು ಹುಡುಗಾಟವಲ್ಲ. 2024ರ ಡಿಸೆಂಬರ್ 1ರಂದು ನಡೆದ ಕ್ಲಾಟ್‌ನ ಕೀ ಉತ್ತರಗಳ ಮೇಲೆಯೇ ತಕರಾರು ಎದ್ದು, ದೆಹಲಿ ಹೈಕೋರ್ಟ್ ಕೆಲವು ಉತ್ತರಗಳನ್ನು ತಿದ್ದಲು ಹೇಳಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೂತು ಪ್ರಶ್ನೆ ಪ್ರಶ್ನೆಯನ್ನೂ ನೋಡಿ ಮತ್ತೆ ತೀರ್ಮಾನ ಕೊಟ್ಟಿತು. ನ್ಯಾಯಮೂರ್ತಿಗಳು ಒಟ್ಟಿಗೆ ಕೂತು ಮಾಡಿದ ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲಾರೆವು. ಅದೂ ಕಂಬೈನ್ಡ್ ಸ್ಟಡಿಯೇ.

ಫಲಶ್ರುತಿ

ಈ ಪ್ರಬಂಧವನ್ನು ಭಾನುವಾರ ಮಧ್ಯಾಹ್ನ 2ರಿಂದ 4ರ ನಡುವೆ ನಿದ್ದೆ ಬಾರದೆ ಓದಿದವರಿಗೆ ರ‍್ಯಾಂಕ್ ಬರುತ್ತದೆಂದು ನಾವು ಹೇಳುವುದಿಲ್ಲ. ಹೇಳಿದರೆ ಗ್ರಾಹಕರ ಕೋರ್ಟಿಗೆ ಹೋಗುವಷ್ಟು ಅವರು ಕಲಿತಿರುತ್ತಾರೆ. ಗುಬ್ಬಿಯವರು ಓದಿದರೆ ದನಿ ತಗ್ಗುತ್ತದೆ. ಕುಣಿಗಲ್ಲಿನವರು ಓದಿದರೆ ‘ಅಲ್ಲ’ ಕಣ್ಣಿಗೆ ಬೀಳುತ್ತದೆ. ತುಮಕೂರಿನವರು ಓದುವ ಮುಂಚೆ ಜೆರಾಕ್ಸ್ ಮಾಡಿಸಿಕೊಳ್ಳುತ್ತಾರೆ. ಮೂರು ಊರಿನವರೂ ಒಟ್ಟಿಗೆ ಓದಿದರೆ ಇದರ ಪ್ರತಿ ಸೂತ್ರಕ್ಕೂ ತಕರಾರು ತೆಗೆದು, ಪ್ರಬಂಧಕಾರರಿಗೇ ಕಾಫಿಯ ಬಿಲ್ಲು ಹೊರಿಸುತ್ತಾರೆ. ನಾಗರಬಾವಿಯಲ್ಲಿ ಸೀಟು ಸಿಗದಿದ್ದರೂ ಅಂಥವರಿಗೆ ಗುಬ್ಬಿಯ ಕೋರ್ಟಿನಲ್ಲಿ ಮೊದಲ ಕಕ್ಷಿದಾರರು ಗೊತ್ತಾಗಿಯೇ ಇದ್ದಾರೆ: ದಾರಿಯ ದಾವೆ ಇನ್ನೂ ಮುಗಿದಿಲ್ಲ, ಅಜ್ಜಿಗೆ ಹೊಸ ವಕೀಲರು ಬೇಕಾಗಿದ್ದಾರೆ.