ಪೇಂಟು ಆಮೇಲೆ ಹೊಡೀರಿ

ನಂದಿ ಗ್ರಾಮದ ಭೋಗನಂದೀಶ್ವರನ ಎದುರು ಕಲ್ಲಿನ ಬಸವಣ್ಣ ಕೂತಿದ್ದಾನೆ. ಅಲ್ಲಿಂದ ಕೂಗಳತೆ ದೂರದ ಗ್ಯಾರೇಜಿನಲ್ಲಿ, ಬಸವಣ್ಣನ ಸಂತತಿಯ ಕೆಲಸ ಕಸಿದುಕೊಂಡ ಹಿರಿಯರೊಬ್ಬರು ಬಾನೆಟ್ ಕಳಚಿಕೊಂಡು ಕೂತಿದ್ದಾರೆ. ಹೆಸರು ಎಚ್‌ಎಂಟಿ ಜೀಟರ್ 2511 ಟ್ರ್ಯಾಕ್ಟರ್. ಎರಡು ಸಿಲಿಂಡರ್, 25 ಅಶ್ವಶಕ್ತಿ. ಎರಡರಲ್ಲಿ ಒಂದು ಸಿಲಿಂಡರ್ ಕೈಕೊಟ್ಟಿದೆ. ಹೆಡ್ ಬಿಚ್ಚಿಟ್ಟಿದ್ದರೂ ಮಾತಿಗೆ ಒಪ್ಪಿದರು.

ಮೊದಲು ತಮ್ಮ ಮನೆತನದ ಬಗ್ಗೆ ಹೇಳಿ.

ಎಚ್‌ಎಂಟಿ ಅಂದ್ರೆ ನಿಮಗೆಲ್ಲ ಕೈಗಡಿಯಾರ ಅಷ್ಟೇ ಜ್ಞಾಪಕ. ಅಪ್ಪನ ಮನೆ ಬೆಂಗಳೂರು, 1953ರಲ್ಲಿ ಕಟ್ಟಿದ್ದು. ನಾನು ಹುಟ್ಟಿದ್ದು ಹರಿಯಾಣದ ಪಿಂಜೋರಿನಲ್ಲಿ. ಇಂಜಿನ್ ವಿದ್ಯೆ ಜೆಕೊಸ್ಲೊವಾಕಿಯಾದ ಜೀಟರ್ ಕಂಪನಿಯದು. 1993ರಲ್ಲಿ ಆ ದೇಶವೇ ಎರಡು ಹೋಳಾಯ್ತು. 2016ರಲ್ಲಿ ಪಿಂಜೋರಿನ ಟ್ರ್ಯಾಕ್ಟರ್ ಘಟಕ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿತು. ಗಡಿಯಾರದ ಕಂಪನಿ ಮುಚ್ಚೋ ತೀರ್ಮಾನವೂ ಅದೇ ವರ್ಷದ್ದು. ವಿದ್ಯೆ ಕೊಟ್ಟ ದೇಶ ಇಲ್ಲ, ಹೆತ್ತ ಕಾರ್ಖಾನೆ ಇಲ್ಲ, ನಾನಿದ್ದೀನಿ. ಆದರೂ ನಮ್ಮ ಯಜಮಾನರು ನನಗೆ ಬಾಳಿಕೆ ಇಲ್ಲ ಅಂತಾರೆ.

ಕಾಯಿಲೆ ಹೇಗೆ ಶುರುವಾಯ್ತು?

ಬೆಳಗ್ಗೆ ಸ್ಟಾರ್ಟ್ ಆಗೋಕೆ ಹಟ. ಸೈಲೆನ್ಸರಿನಲ್ಲಿ ನೀಲಿ ಹೊಗೆ, ಅಂದರೆ ಡೀಸೆಲ್ ಜೊತೆ ಆಯಿಲ್ಲೂ ಉರೀತಿದೆ. ಬ್ರೀದರ್ ಪೈಪಿನಿಂದಲೂ ಹೊಗೆ, ಅಂದರೆ ಪಿಸ್ಟನ್ ಪಕ್ಕದಿಂದ ಗ್ಯಾಸು ಕೆಳಗಿನ ಆಯಿಲ್ ಚೇಂಬರಿಗೆ ನುಗ್ತಿದೆ. ಇಷ್ಟು ಬಾಯಿಬಿಟ್ಟು ಹೇಳಿದ ಮೇಲೂ ಬಂದದ್ದು ಮೇಸ್ತ್ರಿಯಲ್ಲ, ಸಲಹೆಗಾರರು. ಯಜಮಾನರ ಭಾವಮೈದ ನಾಜಲ್ ಅಂದ. ಟೀ ಅಂಗಡಿಯವನು ಪಂಪು ಅಂದ. ಶೋರೂಮಿನ ಹುಡುಗ ಎಕ್ಸ್‌ಚೇಂಜ್ ಅಂದ. ಯಜಮಾನರ ಮಗ ಮಾತ್ರ ಪೇಂಟ್ ಹೊಡೆಸೋಣ ಅಂದ. ನಾಜಲ್ ಬದಲಾಯ್ತು, ಪಂಪು ರಿಪೇರಿಯಾಯ್ತು. ಹೊಗೆ ಹೊಗೆಯಾಗೇ ಉಳೀತು.

ಕೊನೆಗೆ ಪತ್ತೆ ಹಚ್ಚಿದ್ದು ಯಾರು?

ಚಿಂತಾಮಣಿ ಕಡೆಯ ಒಬ್ಬ ಮುದುಕ ಮೇಸ್ತ್ರಿ. ಬಂದವನೇ ಸ್ಪಾನರ್ ಒಂದು ಬಿಟ್ಟು ಬೇರೇನೂ ಕೇಳಲಿಲ್ಲ. ನನ್ನನ್ನು ನಿಧಾನಕ್ಕೆ ಓಡಿಸ್ತಾ ಒಂದನೇ ಸಿಲಿಂಡರಿನ ಡೀಸೆಲ್ ಪೈಪ್ ನಟ್ ಸಡಿಲ ಮಾಡಿದ. ನಾನು ಡಬಕ್ಕನೆ ನಿಂತುಬಿಟ್ಟೆ. ಮತ್ತೆ ಸ್ಟಾರ್ಟ್ ಮಾಡಿ ಎರಡನೆಯದರ ನಟ್ ಸಡಿಲ ಮಾಡಿದ. ಸದ್ದಿನಲ್ಲಿ ಏನೂ ವ್ಯತ್ಯಾಸ ಇಲ್ಲ! ತೆಗೆದರೂ ಗೊತ್ತಾಗದೇ ಇರೋನು ಇದ್ದಾಗ ಕೆಲಸ ಮಾಡ್ತಿರಲಿಲ್ಲ ಅಂತ ತಾನೇ ಅರ್ಥ?

ಈ ಪರೀಕ್ಷೆಯನ್ನು ಸರ್ಕಾರಿ ಕಚೇರಿಗಳಲ್ಲಿ ಮಾಡಬಹುದೇ?

ಬೇಡಪ್ಪ. ಅಲ್ಲಿ ಎಲ್ಲ ನಟ್ಟೂ ಸಡಿಲ ಮಾಡಿದರೂ ಸದ್ದು ಬದಲಾಗದಿದ್ದರೆ ಯಾರನ್ನ ಬಿಚ್ಚೋದು?

ಎರಡನೆಯದರಲ್ಲೇ ದೋಷ, ಸರಿ. ಅದು ನಾಜಲಿನದ್ದೇ ಇರಬಹುದಲ್ಲ?

ಅದಕ್ಕೇ ಮೇಸ್ತ್ರಿ ಎರಡೂ ನಾಜಲ್ ಅದಲುಬದಲು ಮಾಡಿದ. ರೋಗ ನಾಜಲ್ ಜೊತೆ ಹೋಗಲಿಲ್ಲ, ಇದ್ದ ಕಡೆಯೇ ಕೂತಿತ್ತು. ಆಮೇಲೆ ಕಂಪ್ರೆಷನ್ ಗೇಜ್ ಹಾಕಿದ. ಮುಳ್ಳು ಏಳಲಿಲ್ಲ. ಸಿಲಿಂಡರಿಗೆ ಒಂದಿಷ್ಟು ಆಯಿಲ್ ಬಿಟ್ಟು ಮತ್ತೆ ನೋಡಿದ. ಮುಳ್ಳು ಮೇಲೆದ್ದಿತು. ಆಯಿಲ್ಲು ರಿಂಗಿನ ಸಂದು ಮುಚ್ಚಿದ್ದಕ್ಕೆ ಒತ್ತಡ ಏರಿತು, ಅಂದರೆ ವಾಲ್ವ್ ಅಲ್ಲ, ರಿಂಗು ಲೈನರಿನದೇ ತಕರಾರು. ಒಂದು ರೂಪಾಯಿ ಸಾಮಾನು ತರಿಸದೆ ಇಷ್ಟೂ ತೀರ್ಮಾನ ಮಾಡಿದ. ಹಿಂದಿನವರು ಸಾಮಾನು ತರಿಸಿಯೇ ಯೋಚನೆ ಶುರು ಮಾಡಿದ್ದರು.

ಬಿಚ್ಚಿದಾಗ ಏನು ಕಂಡಿತು?

ನನ್ನದು ಸಿಲಿಂಡರಿಗೊಂದು ಹೆಡ್, ಹಾಗಾಗಿ ಆರೋಗ್ಯವಾಗಿದ್ದವನ ತಲೆ ತೆಗೀಬೇಕಾಗಲಿಲ್ಲ. ಲೈನರಿನ ಒಳಗೆ ಮೇಲ್ಭಾಗದಲ್ಲಿ ಉಗುರು ತಾಗುವಷ್ಟು ಏಣು. ಪಿಸ್ಟನ್ ಮೇಲೆ ಹೋಗಿ ಹಿಂದಿರುಗುವ ಜಾಗ ಅದು. ಶಾಖ ಜಾಸ್ತಿ, ಆಯಿಲ್ ಕಮ್ಮಿ, ಅದಕ್ಕೇ ಸವೆತವೂ ಅಲ್ಲೇ ಜಾಸ್ತಿ. ಮೇಸ್ತ್ರಿ ಅಲ್ಲಿಗೇ ಬಿಡಲಿಲ್ಲ, ಲೈನರನ್ನೇ ಎಳೆದು ಹೊರಗೆ ತೆಗೆದ. ನಮ್ಮದು ನೀರಿಗೆ ಬೆನ್ನು ಕೊಟ್ಟು ನಿಲ್ಲುವ ಲೈನರು. ಆ ಬೆನ್ನ ಮೇಲೆ ಸುಣ್ಣದ ಪದರ, ಒಂದು ಪಕ್ಕದಲ್ಲಿ ಸೂಜಿ ಚುಚ್ಚಿದಂಥ ಗುಂಡಿಗಳು. ಸುಣ್ಣ ಕಟ್ಟಿದರೆ ಶಾಖ ನೀರಿಗೆ ಇಳಿಯಲ್ಲ, ಆಯಿಲ್ಲು ತೆಳುವಾಗುತ್ತೆ, ರಿಂಗು ಸವೆಯುತ್ತೆ. ಗುಂಡಿಯ ಕಥೆ ಬೇರೆ: ಪಿಸ್ಟನ್ ಬಡಿತಕ್ಕೆ ಲೈನರ್ ನಡುಗಿ ನೀರಿನಲ್ಲಿ ಗುಳ್ಳೆ ಏಳುತ್ತೆ, ಅವು ಲೈನರಿನ ಮೈಮೇಲೇ ಒಡೆದು ಕಬ್ಬಿಣ ಕೆತ್ತುತ್ತವೆ.

ಹಾಗಾದರೆ ತಪ್ಪು ಯಾರದು?

ಕುಡಿಸಿದವರದು. ಈ ನಂದಿ ಬೆಟ್ಟಗಳ ಸುತ್ತ ಪಾಲಾರ್, ಅರ್ಕಾವತಿ, ಎರಡೂ ಪಿನಾಕಿನಿ ಹುಟ್ಟುತ್ತವೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸ್ತೀರಿ. ನನ್ನ ರೇಡಿಯೇಟರಿಗೆ ಹುಯ್ಯೋದು ಮಾತ್ರ ಸಾವಿರ ಅಡಿ ಕೆಳಗಿನ ಬೋರ್‌ವೆಲ್ ನೀರು. ಅದರ ಫ್ಲೋರೈಡು ನಿಮ್ಮ ಹಲ್ಲು ಮೂಳೆಗೆ, ಸುಣ್ಣ ನನ್ನ ಲೈನರಿಗೆ. ಬೋರ್ ಬತ್ತಿದಾಗ ಏನು ಮಾಡ್ತೀರಿ? ಯಾಕೆ ಬತ್ತಿತು ಅಂತ ಕೇಳಲ್ಲ, ಪಕ್ಕದಲ್ಲಿ ಇನ್ನೂ ಆಳಕ್ಕೆ ಕೊರೆಸ್ತೀರಿ. ನನಗೂ ಅದೇ ವೈದ್ಯ: ನಾಜಲ್ ಬದಲಿಸಿ, ಪಂಪು ರಿಪೇರಿ ಮಾಡಿ, ನೀರು ಮಾತ್ರ ಅದೇ.

ಈಗ ಚಿಕಿತ್ಸೆ?

ಲೈನರ್, ಪಿಸ್ಟನ್, ರಿಂಗ್ ಸೆಟ್ಟು, ಕೆಳಗಿನ ರಬ್ಬರ್ ರಿಂಗು. ಕಾರ್ಖಾನೆ ಸತ್ತರೂ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಹೊಸ ಲೈನರಿನ ಅಂಚು ಬ್ಲಾಕಿನಿಂದ ಕೂದಲೆಳೆಯಷ್ಟು ಮೇಲೆ ನಿಲ್ಲಬೇಕು. ತಗ್ಗಿದರೆ ಗ್ಯಾಸ್ಕೆಟ್ ಹಿಡಿಯಲ್ಲ. ರಿಂಗುಗಳ ಬಾಯಿ ಒಂದೇ ಸಾಲಿನಲ್ಲಿ ಬರಬಾರದು. ಮೊದಲ ದಿನಗಳಲ್ಲಿ ಹಗುರ ಕೆಲಸ, ಆಮೇಲೆ ಹೆಡ್ ನಟ್ ಮತ್ತೊಮ್ಮೆ ಬಿಗಿ. ಇಷ್ಟು ಸಂಯಮ ಯಜಮಾನರಲ್ಲಿ ಇದೆಯೋ ಇಲ್ಲವೋ, ಅದು ಯಾವ ಗೇಜಿಗೂ ಸಿಗಲ್ಲ.

ಎಸ್ಟಿಮೇಟ್ ಜಾಸ್ತಿಯಾಯ್ತು ಅಂತ ಯಜಮಾನರು ಗೊಣಗುತ್ತಿದ್ದಾರಂತೆ?

ಈ ಸೀಮೆಗೆ ನೀರು ತರೋ ಎತ್ತಿನಹೊಳೆ ಯೋಜನೆಗೆ 2012ರಲ್ಲಿ ಬರೆದ ಎಸ್ಟಿಮೇಟು 8,323 ಕೋಟಿ. ಆಮೇಲೆ ಅದು 23,251 ಕೋಟಿಗೆ ಏರಿತು. 2014ರಲ್ಲಿ ಅಡಿಗಲ್ಲು, 2024ರಲ್ಲಿ ಮೊದಲ ಹಂತದ ಉದ್ಘಾಟನೆ, ಅದೂ ದೂರದ ಸಕಲೇಶಪುರದಲ್ಲಿ. ಅದಕ್ಕೆ ಯಜಮಾನರು ಚಪ್ಪಾಳೆ ತಟ್ಟಿದರು. ನನ್ನ ಒಂದು ಲೈನರಿಗೆ ಮಾತ್ರ ಚೌಕಾಸಿ.

ಕೊನೆಯದಾಗಿ, ಓದುಗರಿಗೆ ಒಂದು ಸಂದೇಶ?

ಸಂದೇಶ ಕೊಡೋಕೆ ಮಂತ್ರಿಗಳಿದ್ದಾರೆ. ನೀವು ಹೊರಗೆ ಹೋಗ್ತಾ ಆ ಎಸ್ಟಿಮೇಟ್ ಚೀಟಿಯಲ್ಲಿ ಪೇಂಟಿಗೆ ಬರೆದ ದುಡ್ಡು ಹೊಡೆದುಹಾಕಿ, ಅದೇ ಜಾಗದಲ್ಲಿ ರೇಡಿಯೇಟರಿಗೆ ಕೂಲೆಂಟ್ ಅಂತ ಬರೆದುಹೋಗಿ. ಅಕ್ಷರ ಯಜಮಾನರದ್ದೇ ಥರ ಇರಲಿ.